ತಾರಿಹಾಳ ದ್ವಿದಿನಯಾನ ರಕ್ಷಾಮೀಮಾಂಸೆ

ಶಾಸ್ತ್ರಗ್ರಂಥವೊಂದು ಆರಂಭವಾಗುವ ಮುನ್ನ ಅದರ ವಿಷಯ, ಪ್ರಯೋಜನ, ಸಂಬಂಧ ಮತ್ತು ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಹೇಳಬೇಕೆಂಬುದು ಹಿಂದಿನವರ ಕಟ್ಟಳೆಯಾದ್ದರಿಂದ ಇಲ್ಲಿಯೂ ಅದನ್ನು ಪಾಲಿಸಲಾಗಿದೆ. ಹುಬ್ಬಳ್ಳಿಯ ಪಶ್ಚಿಮದ ಅಂಚಿನಲ್ಲಿ, ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಆಚೆಗಿರುವ ತಾರಿಹಾಳ ಕೈಗಾರಿಕಾ ಪ್ರದೇಶಕ್ಕೆ ಕಂಪನಿ ಕೆಲಸದ ಮೇಲೆ ಬಂದವರು ಎರಡು ದಿನವಿದ್ದು ಅಖಂಡವಾಗಿ ಊರಿಗೆ ಮರಳುವ ಬಗೆಯೇ ಇಲ್ಲಿನ ವಿಷಯ. ಟಿ.ಎ. ಬಿಲ್ಲಿಗೆ ಸ್ವಹಸ್ತದಿಂದಲೇ ಸಹಿ ಹಾಕುವ ಯೋಗವೇ ಪ್ರಯೋಜನ. ಇವೆರಡರ ನಡುವಣ ಸಂಬಂಧವು ಲೆಕ್ಕಪತ್ರ ವಿಭಾಗಕ್ಕೆ ಮಾತ್ರ ಗೋಚರವಾದದ್ದು. ಅಧಿಕಾರಿ ಎಂದರೆ ಈ ಶಾಸ್ತ್ರವನ್ನು ಓದಲು ಅರ್ಹರಾದವರು. ಶುಕ್ರವಾರ ಸಂಜೆ ಚೀಲ ಹೆಗಲಿಗೇರಿಸುವ ಹೊತ್ತಿಗೆ ‘ಸೋಮವಾರ ಹುಬ್ಬಳ್ಳಿಗೆ ಹೋಗಿಬನ್ನಿ’ ಎಂಬ ಆಜ್ಞೆ ಪಡೆದ ಬೆಂಗಳೂರಿನ ಸರ್ವೀಸ್ ಎಂಜಿನಿಯರ್, ಆಡಿಟರ್, ಅಥವಾ ಇವರಿಬ್ಬರೂ ರಜೆ ಹಾಕಿದ್ದರಿಂದ ಅನ್ಯಮಾರ್ಗವಿಲ್ಲದೆ ಆಯ್ಕೆಯಾದ ಮೂರನೆಯವರು ಈ ವರ್ಗಕ್ಕೆ ಸೇರುತ್ತಾರೆ.

ಇನ್ನು ಲಕ್ಷಣನಿರೂಪಣೆ. ‘ಹಿಂದೆಂದೂ ಕಾಲಿಡದ ನಗರವೇ ಅಪರಿಚಿತ ನಗರ’ ಎಂದರೆ ಅವ್ಯಾಪ್ತಿ, ಅಂದರೆ ಲಕ್ಷಣವು ತಲುಪಬೇಕಾದ ಕಡೆಗೆಲ್ಲ ತಲುಪದಿರುವ ದೋಷ ಬರುತ್ತದೆ. ಏಕೆಂದರೆ ಹತ್ತು ವರ್ಷಗಳ ಹಿಂದೆ ಹುಬ್ಬಳ್ಳಿಯನ್ನು ಅಂಗೈಗೆರೆಯಂತೆ ಬಲ್ಲವರು ಕೂಡ ಮೇಲ್ಸೇತುವೆಯ ಕಾಮಗಾರಿ ಹೊಕ್ಕ ಚೆನ್ನಮ್ಮ ವೃತ್ತದಲ್ಲಿ ಇಳಿದು ಯಾವ ಕಡೆ ಮುಖಮಾಡಿ ನಿಲ್ಲಬೇಕೆಂದು ತಿಳಿಯದೆ ನಿಂತಿದ್ದಾರೆ. ‘ದಾರಿ ಗೊತ್ತಿಲ್ಲದ ನಗರ’ ಎಂದು ತಿದ್ದಿದರೆ ಅತಿವ್ಯಾಪ್ತಿ, ಅಂದರೆ ಲಕ್ಷಣವು ಎಲ್ಲೆ ಮೀರಿ ಹರಡುವ ದೋಷ ಉಂಟಾಗಿ, ಬೆಂಗಳೂರಿನವರಿಗೆ ಬೆಂಗಳೂರೇ ಅಪರಿಚಿತವೆನ್ನಬೇಕಾಗುತ್ತದೆ. ಆದ್ದರಿಂದ ‘ಆಟೋದವರು ಹೇಳಿದ ಬಾಡಿಗೆ ಹೆಚ್ಚೋ ಕಡಿಮೆಯೋ ಎಂದು ತಿಳಿಯದೆ, ತಿಳಿದವರ ಮುಖಭಾವವನ್ನು ಮಾತ್ರ ಧರಿಸಬೇಕಾದ ನಗರ’ ಎಂಬುದೇ ನಿರ್ದುಷ್ಟ ಲಕ್ಷಣ. ಅಲ್ಪಾವಧಿ ಎಂದರೆ ಒದ್ದೆ ಟವೆಲ್ಲು ಒಣಗುವ ಮೊದಲೇ ಚೀಲ ಸೇರಬೇಕಾದಷ್ಟು ಕಾಲ.

ಪೂರ್ವಸಾಹಿತ್ಯದಿಂದ ಈ ಯಾತ್ರಿಕರಿಗೆ ಸಿಗುವ ನೆರವು ಅಲ್ಪ. ವರಾಹಮಿಹಿರನ ‘ಯೋಗಯಾತ್ರಾ’ ಸೇನೆ ಕಟ್ಟಿಕೊಂಡು ಹೊರಡುವ ಅರಸರಿಗಾಗಿ ಬರೆದದ್ದಾದ್ದರಿಂದ, ಒಂದು ಲ್ಯಾಪ್‌ಟಾಪ್ ಚೀಲದೊಡನೆ ಹೊರಟವರಿಗೆ ಅದರ ಅನ್ವಯ ಕಷ್ಟ. ಸುಮಾರು 1025ರಲ್ಲಿ ರಚಿತವಾದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವು ಶಕುನ, ಪಾಕ, ವೈದ್ಯ, ನೆಲದೊಳಗಿನ ನೀರು ಕಂಡುಹಿಡಿಯುವ ವಿದ್ಯೆ ಇಷ್ಟನ್ನೂ ಹೇಳಿಯೂ ಲಾಡ್ಜಿನ ಕೋಣೆಯ ಸಡಿಲ ಚಿಲಕದ ಬಗ್ಗೆ ಮೌನವಾಗಿದೆ. ಈ ಕೊರತೆಯನ್ನು ಆಧುನಿಕ ಕಾಲದಲ್ಲಿ ಮೂರು ಪಂಥಗಳು ತುಂಬಿವೆ. ಮಾನವ ಸಂಪನ್ಮೂಲ ವಿಭಾಗದ ಸುತ್ತೋಲೆಯನ್ನು ಪ್ರಮಾಣವೆಂದು ಒಪ್ಪುವುದು ಸುತ್ತೋಲೆ ಪಂಥ. ಅದರ ಪ್ರಧಾನ ಸಿದ್ಧಾಂತ ಅಪರಿಚಿತರೊಡನೆ ಮಾತು ಬೇಡವೆಂಬುದು. ತಾಯಿಯ ಫೋನ್ ಕರೆಯನ್ನು ಆಪ್ತವಾಕ್ಯವೆಂದು, ಅಂದರೆ ಮರುಪ್ರಶ್ನೆಯಿಲ್ಲದೆ ಒಪ್ಪಬೇಕಾದ ಮಾತೆಂದು ನಂಬುವುದು ಮಾತೃಪಂಥ; ತಲುಪಿದ ಕೂಡಲೇ ಫೋನ್ ಮಾಡು, ಹೊರಗಿನದ್ದನ್ನು ತಿನ್ನಬೇಡ, ಕತ್ತಲಾದ ಮೇಲೆ ಎಲ್ಲಿಗೂ ಹೋಗಬೇಡ ಎಂಬ ಮೂರು ವಿಧಿಗಳು ಅದರಲ್ಲಿ ನಿತ್ಯ. ಮೂರನೆಯದಾದ ಗೇಟ್ ಪಂಥವು ತಾರಿಹಾಳದ ಕಾರ್ಖಾನೆಗಳ ಬಾಗಿಲಲ್ಲಿ ಕುರ್ಚಿ ಹಾಕಿ ಕೂತ ವಾಚ್‌ಮನ್‌ಗಳದು. ಅದಕ್ಕೆ ಲಿಖಿತ ಗ್ರಂಥವಿಲ್ಲ, ಆದರೆ ಮುಂದೆ ಕಾಣುವಂತೆ ಉಳಿದೆರಡಕ್ಕಿಂತ ಅದರ ಬಲ ಹೆಚ್ಚು.

ಮೊದಲಿಗೆ ಕಾಲವಿಚಾರ. ಪಂಚಾಂಗದ ವಾರಶೂಲೆಯ ಪ್ರಕಾರ, ಅಂದರೆ ಯಾವ ವಾರ ಯಾವ ದಿಕ್ಕಿಗೆ ಹೊರಡಬಾರದೆಂಬ ನಿಯಮದ ಪ್ರಕಾರ, ಸೋಮವಾರ ಮತ್ತು ಶನಿವಾರ ಪೂರ್ವಕ್ಕೂ, ಮಂಗಳವಾರ ಮತ್ತು ಬುಧವಾರ ಉತ್ತರಕ್ಕೂ, ಗುರುವಾರ ದಕ್ಷಿಣಕ್ಕೂ, ಶುಕ್ರವಾರ ಮತ್ತು ಭಾನುವಾರ ಪಶ್ಚಿಮಕ್ಕೂ ಪ್ರಯಾಣ ನಿಷಿದ್ಧ. ಹುಬ್ಬಳ್ಳಿಯು ಬೆಂಗಳೂರಿನಿಂದ ವಾಯವ್ಯಕ್ಕಿರುವುದರಿಂದ ಉತ್ತರ, ಪಶ್ಚಿಮ ಎರಡೂ ನಿಷೇಧಗಳು ತಗುಲಿ, ಹೊರಡಲು ಸೋಮ, ಗುರು, ಶನಿ ಮಾತ್ರ ಉಳಿಯುತ್ತವೆ. ಮರಳುವಾಗ ದಿಕ್ಕು ಆಗ್ನೇಯವಾಗಿ ಪೂರ್ವ, ದಕ್ಷಿಣಗಳ ನಿಷೇಧ ತಗುಲುವುದರಿಂದ ಮಂಗಳ, ಬುಧ, ಶುಕ್ರ, ಭಾನು ಉಳಿಯುತ್ತವೆ. ಈ ಎರಡು ಪಟ್ಟಿಗಳಲ್ಲಿ ಒಂದು ವಾರವೂ ಸಮಾನವಾಗಿಲ್ಲ ಎಂಬುದನ್ನು ಈವರೆಗೆ ಯಾವ ಲೆಕ್ಕಪತ್ರ ವಿಭಾಗವೂ ಗಮನಿಸಿದಂತಿಲ್ಲ. ಅಂದಮೇಲೆ ಹುಬ್ಬಳ್ಳಿಗೆ ಹೋಗಿ ಅದೇ ದಿನ ಬೆಂಗಳೂರಿಗೆ ಮರಳುವುದು ಶಾಸ್ತ್ರತಃ ಅಸಾಧ್ಯ. ಲಾಡ್ಜಿನ ಬಿಲ್ಲನ್ನು ಪ್ರಶ್ನಿಸುವವರು ಧರ್ಮವನ್ನೇ ಪ್ರಶ್ನಿಸುತ್ತಿದ್ದಾರೆ. ಸೋಮವಾರ ಹೋಗಿ ಮಂಗಳವಾರ ಮರಳುವುದು ಪ್ರಶಸ್ತ, 2023ರ ಜೂನ್ 27ರಂದು ಆರಂಭವಾದ ವಂದೇ ಭಾರತ್ ರೈಲು ಬೆಳಗಿನ ಜಾವದಲ್ಲೇ ಬೆಂಗಳೂರು ಬಿಡುವುದರಿಂದ ಸೋಮವಾರ ಏಳೂವರೆಗೆ ಹಿಡಿಯುವ ರಾಹುಕಾಲದ ತಂಟೆಯೂ ಇಲ್ಲ. ಪಂಚಾಂಗವನ್ನು ನಂಬದ ವಿಚಾರವಾದಿಗಳು ಇದೇ ತೀರ್ಮಾನಕ್ಕೆ ಬೇರೆ ದಾರಿಯಿಂದ ಬರಬಹುದು: ಬೆಳಿಗ್ಗೆ ನಾನೂರು ಕಿಲೋಮೀಟರು ಕಾರಿನಲ್ಲಿ ಬಂದು, ಇಡೀ ದಿನ ಯಂತ್ರದ ಮುಂದೆ ನಿಂತು, ರಾತ್ರಿ ಮತ್ತೆ ನಾನೂರು ಕಿಲೋಮೀಟರು ಹೊರಟ ಚಾಲಕರಿಗೆ ಹೆದ್ದಾರಿಯ ಮೇಲೆ ಬರುವ ನಿದ್ದೆಗೆ ವಾರದ ಹಂಗಿಲ್ಲ.

ದೇಶವಿಚಾರದಲ್ಲಿ, ಅಂದರೆ ಸ್ಥಳನಿರ್ಣಯದಲ್ಲಿ, ಮೊದಲ ಅಪಾಯ ತಾರಿಹಾಳವು ಒಂದೇ ಅಲ್ಲವೆಂಬುದು. ಬೆಳಗಾವಿ ತಾಲ್ಲೂಕಿನಲ್ಲಿಯೂ ಇದೇ ಹೆಸರಿನ ಊರೊಂದಿದ್ದು, ಫೋನಿನ ನಕಾಶೆಗೆ ಎರಡರಲ್ಲಿ ಯಾವುದರ ಮೇಲೂ ಪಕ್ಷಪಾತವಿಲ್ಲ. ಎರಡನೆಯದು ನಿಲ್ದಾಣಬಹುತ್ವ: ಗೋಕುಲ ರಸ್ತೆಯ ಹೊಸ ಬಸ್‌ಸ್ಟ್ಯಾಂಡು, ಚೆನ್ನಮ್ಮ ವೃತ್ತದ ಬಳಿಯ ಹಳೇ ಬಸ್‌ಸ್ಟ್ಯಾಂಡು, ನಗರ ಸಾರಿಗೆಯ ಸಿಬಿಟಿ ಇವು ಬೇರೆ ಬೇರೆ ಎಂಬ ಭೇದಜ್ಞಾನ ಉದಿಸುವ ಮೊದಲೇ ಬಹುತೇಕ ಯಾತ್ರಿಕರು ‘ಬಸ್‌ಸ್ಟ್ಯಾಂಡ್ ಹತ್ತಿರ ಇದ್ದೇನೆ’ ಎಂದು ಫೋನಿನಲ್ಲಿ ಹೇಳಿ ಕರೆದೊಯ್ಯಲು ಬಂದವರನ್ನು ಊರು ಸುತ್ತಿಸಿರುತ್ತಾರೆ. ರೈಲಿನಲ್ಲಿ ಬಂದವರು 1507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದವೆಂದು ಹೆಸರಾದ ಪ್ಲಾಟ್‌ಫಾರ್ಮಿನಲ್ಲಿ ಇಳಿದರೆ, ಎಲ್ಲಿ ಭೇಟಿಯಾಗಬೇಕೆಂಬುದನ್ನು ಬೋಗಿಯ ಸಂಖ್ಯೆ ಸಹಿತ ಹೇಳುವುದು ಕ್ಷೇಮ. ಚಿಗರಿ ಬಸ್ಸಿನ ಕೀರ್ತಿ ಕೇಳಿ ಅದನ್ನೇ ಹತ್ತುವವರಿದ್ದಾರೆ. 2018ರಲ್ಲಿ ಪ್ರಾಯೋಗಿಕವಾಗಿ ಓಡತೊಡಗಿ 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಈ ತಂಪು ಬಸ್ಸು ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ತನಗೆಂದೇ ಮೀಸಲಾದ ಪಥದಲ್ಲಿ ಓಡುತ್ತದೆಯೇ ಹೊರತು ತಾರಿಹಾಳದ ಕಡೆ ಹೊರಳುವುದಿಲ್ಲವಾದ್ದರಿಂದ, ಅಂಥವರು ಧಾರವಾಡ ತಲುಪಿ, ಪೇಡೆ ಕೊಂಡು, ಸಭೆಗೆ ತಡವಾಗಿ ಬರುತ್ತಾರೆ. ಇದನ್ನು ಅಪಾಯವೆನ್ನಬೇಕೋ ಲಾಭವೆನ್ನಬೇಕೋ ಎಂಬಲ್ಲಿ ಮತಭೇದವಿದೆ.

ಈಗ ಪ್ರಬಂಧದ ಮುಖ್ಯ ವಾದ. ಅಪರಿಚಿತರು ಅಪಾಯಕಾರಿಗಳೆಂಬ ಸುತ್ತೋಲೆ ಪಂಥದ ಮತವನ್ನು ಪೂರ್ವಪಕ್ಷವಾಗಿ, ಅಂದರೆ ಖಂಡಿಸುವುದಕ್ಕೆಂದೇ ಮೊದಲು ಮಂಡಿಸುವ ಮತವಾಗಿ ಸ್ವೀಕರಿಸಿದರೆ, ಅದರಿಂದ ಹುಟ್ಟುವ ಮೊದಲ ವಿಕಾರ ಪರಿಚಿತಾಭಾಸ. ಊರು ಗೊತ್ತಿಲ್ಲದವರು ಗೊತ್ತಿರುವವರಂತೆ ಕಾಣಲು ಕಿವಿಗೆ ತಂತಿ ಸಿಕ್ಕಿಸಿ, ದಾರಿ ಕೇಳದೆ, ತಪ್ಪು ದಿಕ್ಕಿನಲ್ಲಿ ದೃಢವಾಗಿ ನಡೆಯುವುದಕ್ಕೆ ಈ ಹೆಸರು. ತಾರಿಹಾಳದ ಚಹಾದಂಗಡಿಯ ಮುಂದೆ ಈ ವೇಷ ಅರ್ಧ ನಿಮಿಷವೂ ನಿಲ್ಲುವುದಿಲ್ಲ, ಏಕೆಂದರೆ ಯಾರಿಗೂ ಹೆಸರು ಹೇಳಬಾರದೆಂದು ಪಣ ತೊಟ್ಟವರ ಕೊರಳಲ್ಲೇ ಅವರ ಹೆಸರು, ಕಂಪನಿ, ಭಾವಚಿತ್ರ ಮತ್ತು ರಕ್ತದ ಗುಂಪು ಗುರುತಿನ ಚೀಟಿಯಾಗಿ ತೂಗುತ್ತಿರುತ್ತವೆ. ಅಂಗಡಿಯವರು ‘ಯಾವೂರ್ರೀ ಸರ? ಯಾವ ಕಂಪನಿಗ್ರೀ?’ ಎಂದು ಕೇಳುವುದನ್ನು ಸುತ್ತೋಲೆ ಪಂಥವು ಮಾಹಿತಿ ಕಳವು ಎಂದು ವರ್ಗೀಕರಿಸುತ್ತದೆ. ಗೇಟ್ ಪಂಥದ ಪ್ರಕಾರ ಅದು ನೋಂದಣಿ. ಸಂಜೆ ಶಿಫ್ಟ್ ಬಿಟ್ಟು ರಸ್ತೆ ಬರಿದಾದ ಮೇಲೆ, ಬರುವಾಗ ಖಾಲಿ ಬರಬೇಕೆಂದು ಆಟೋದವರು ಈ ಕಡೆ ಮುಖ ಹಾಕದ ಹೊತ್ತಿನಲ್ಲಿ, ‘ತಡೀರಿ ಸರ, ನಮ್ಮ ಹುಡುಗ ಪ್ಯಾಟಿಗೆ ಹೊಂಟಾನ, ಬಿಟ್ಟು ಬರ್ತಾನ’ ಎಂಬ ಮಾತು ಬೆಳಿಗ್ಗೆ ಉತ್ತರ ಕೊಟ್ಟವರಿಗೆ ಮಾತ್ರ ಲಭ್ಯ. ಕಿವಿಗೆ ತಂತಿ ಸಿಕ್ಕಿಸಿಕೊಂಡಿದ್ದವರು ವಿಮಾನ ನಿಲ್ದಾಣದವರೆಗೆ ನಡೆದದ್ದುಂಟು.

ಹಾಗೆಂದು ಎಲ್ಲವನ್ನೂ ಎಲ್ಲರಿಗೂ ಹೇಳಬಹುದೆಂದಲ್ಲ. ಇಲ್ಲಿ ಪ್ರಕಾಶ್ಯ, ಗೋಪ್ಯ ಎಂಬ ವಿಭಾಗ ಅವಶ್ಯಕ. ಯಾವ ಕಾರ್ಖಾನೆಗೆ ಬಂದದ್ದು, ಯಾರನ್ನು ಕಾಣಬೇಕು, ಎಷ್ಟು ಹೊತ್ತಿಗೆ ಮರಳುವುದು ಇವು ಪ್ರಕಾಶ್ಯ, ಅಂದರೆ ಹೇಳಿದಷ್ಟೂ ಒಳ್ಳೆಯದು. ಲಾಡ್ಜಿನ ಕೋಣೆಯ ಸಂಖ್ಯೆ, ಒಬ್ಬರೇ ಇದ್ದೇವೆಂಬ ಸಂಗತಿ ಮತ್ತು ಫೋನಿಗೆ ಬಂದ ಒಟಿಪಿ ಇವು ಗೋಪ್ಯ. ಒಂಟಿಯಾಗಿ ಬಂದ ಮಹಿಳೆಯರ ವಿಷಯದಲ್ಲಿ ಗೋಪ್ಯದ ಪಟ್ಟಿ ಉದ್ದವಾಗುತ್ತದೆ. ಅವರನ್ನು ಕುರಿತು ಸುತ್ತೋಲೆ, ಮಾತೃ ಎರಡೂ ಪಂಥಗಳು ಪುಟಗಟ್ಟಲೆ ವಿಧಿಸಿ, ರಾತ್ರಿ ಎಂಟಕ್ಕೆ ಗೇಟಿನ ಮುಂದೆ ಕಂಪನಿಯ ಗಾಡಿ ನಿಲ್ಲಿಸುವ ಒಂದು ಸಾಲನ್ನು ಮಾತ್ರ ಬರೆಯದೆ ಬಿಟ್ಟಿರುವುದು ಹಾಸ್ಯಕ್ಕೆ ಒಗ್ಗದ ಲೋಪ.

ಮನುಷ್ಯರಿಂದಲ್ಲವಾದರೆ ಭಯ ಯಾವುದರಿಂದ ಎಂದರೆ, ಚಕ್ರದಿಂದ ಎಂಬುದು ಸಿದ್ಧಾಂತ. ಬೆಂಗಳೂರಿನಿಂದ ಪುಣೆಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಹಲವು ಪಥಗಳಲ್ಲಿ ಹರಿದುಬಂದು, ಗಬ್ಬೂರಿನಿಂದ ನರೇಂದ್ರದವರೆಗಿನ ಸುಮಾರು ಮೂವತ್ತು ಕಿಲೋಮೀಟರ್ ಬೈಪಾಸಿನಲ್ಲಿ ಎರಡೇ ಪಥಕ್ಕೆ ಇಕ್ಕಟ್ಟಾಗಿ, ಎದುರುಬದುರಿನ ಲಾರಿಗಳಿಗೆ ನಡುವೆ ಬಿಳಿ ಗೆರೆಯೊಂದನ್ನೇ ಗೋಡೆಯಾಗಿ ಕೊಟ್ಟ ಕಥೆ ಈ ಭಾಗದವರಿಗೆಲ್ಲ ತಿಳಿದದ್ದು. ಅದನ್ನು ಷಟ್ಪಥಗೊಳಿಸಲು 2022ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾಯಿತು. ತಾರಿಹಾಳದ ಸನಿಹದಲ್ಲೇ ಹಾದುಹೋಗುವ ಈ ರಸ್ತೆಯನ್ನು ‘ಬೇಗ ಆಗುತ್ತದೆ’ ಎಂಬ ಒಂದೇ ಹೇತುವಿನಿಂದ ರಾತ್ರಿ ಆರಿಸಿಕೊಳ್ಳುವುದು ಹೇತ್ವಾಭಾಸ, ಅಂದರೆ ಕಾರಣದ ವೇಷ ತೊಟ್ಟ ಅಕಾರಣ. ಕೈಗಾರಿಕಾ ಪ್ರದೇಶದೊಳಗೂ ಚಕ್ರದ್ದೇ ರಾಜ್ಯ. ಬದಿಗೆ ನಿಲ್ಲಿಸಿದ ಟ್ರೇಲರ್‌ಗೆ ಹಿಂದಿನ ದೀಪವಿರಲೇಬೇಕೆಂಬ ವ್ಯಾಪ್ತಿ, ಅಂದರೆ ಒಂದಿದ್ದಲ್ಲಿ ಇನ್ನೊಂದು ತಪ್ಪದೆ ಇರುವ ನಿಯಮ, ಸಿದ್ಧವಾಗಿಲ್ಲ; ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಎರೆಮಣ್ಣಿನ ರಾಡಿ ಸೇರಿದರೆ ಬೈಕಿನವರಿಗೆ ಮುಂದಿರುವುದು ರಸ್ತೆಯೋ ಟ್ರೇಲರೋ ಎಂಬುದು ಪ್ರತ್ಯಕ್ಷದಿಂದ ತಿಳಿಯದೆ, ಅನುಮಾನದಿಂದ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಕಾರ್ಖಾನೆಯ ಗೇಟಿನಲ್ಲಿರುವ ಸಂದರ್ಶಕರ ಪುಸ್ತಕವು ಈ ಕ್ಷೇತ್ರದ ಅತ್ಯಮೂಲ್ಯ ಹಸ್ತಪ್ರತಿ. ವಿದ್ವಾಂಸರು ಈವರೆಗೆ ಅದನ್ನು ಪಾಠಪರಿಷ್ಕರಣೆಗೆ ಒಳಪಡಿಸದಿರುವುದು ವಿಷಾದನೀಯ. ಹೆಸರು, ಊರು, ಫೋನ್, ಯಾರನ್ನು ಕಾಣಬೇಕು, ಉದ್ದೇಶ, ಒಳಹೋದ ವೇಳೆ, ಹೊರಬಂದ ವೇಳೆ ಎಂಬ ಅಂಕಣಗಳಿರುವ ಈ ಗ್ರಂಥದಲ್ಲಿ ‘ಉದ್ದೇಶ’ ಎಂಬಲ್ಲಿ ಮೊದಲು ಬಂದವರು ‘ಆಫೀಸ್ ಕೆಲಸ’ ಎಂದು ಬರೆಯುತ್ತಾರೆ, ಆಮೇಲೆ ಬಂದವರೆಲ್ಲ ಅದರ ಕೆಳಗೆ ಎರಡು ಪುಟ್ಟ ಗೆರೆಗಳನ್ನೆಳೆದು ಪೂರ್ವಿಕರ ಉದ್ದೇಶಕ್ಕೆ ವಾರಸುದಾರರಾಗುತ್ತಾರೆ. ಗೆರೆ ಎಳೆಯುವ ಕೈ ಅಲ್ಲಿಗೇ ನಿಲ್ಲದೆ ಪಕ್ಕದ ಅಂಕಣಗಳಿಗೂ ಜಾರಿ, ಹಾಲಿನ ವ್ಯಾನಿನವರೂ ಬಾಯ್ಲರ್ ತಪಾಸಣೆಗೆ ಬಂದವರೂ ಒಂದೇ ಫೋನ್ ಸಂಖ್ಯೆಯ ಅಡಿಯಲ್ಲಿ ಏಕಕುಟುಂಬವಾದ ಉದಾಹರಣೆಗಳಿವೆ. ‘ಹೊರಬಂದ ವೇಳೆ’ಯ ಅಂಕಣವಂತೂ ಬಹುಪಾಲು ಖಾಲಿ, ಆ ಪುಸ್ತಕವನ್ನು ನಂಬುವುದಾದರೆ ಕಾರ್ಖಾನೆಗಳಿಗೆ ಬಂದ ಅತಿಥಿಗಳಲ್ಲಿ ಅರ್ಧಕ್ಕರ್ಧ ಜನ ಇನ್ನೂ ಒಳಗೇ ಇದ್ದಾರೆ. ಈ ಪಾಠಭ್ರಷ್ಟತೆ ಬರಿಯ ವಿದ್ವತ್ ಸಮಸ್ಯೆಯಲ್ಲ. ಬೆಂಕಿಯ ಗಂಟೆ ಬಾರಿಸಿ ಎಲ್ಲರೂ ಹಸಿರು ಫಲಕದ ಅಸೆಂಬ್ಲಿ ಪಾಯಿಂಟಿಗೆ ಓಡಿಬಂದಾಗ, ಕಾಯಂ ನೌಕರರನ್ನು ಹಾಜರಿಯಿಂದ ಎಣಿಸುತ್ತಾರೆ, ಹೊರಗಿನವರನ್ನು ಈ ಪುಸ್ತಕದಿಂದ ಎಣಿಸುತ್ತಾರೆ. ಎರಡು ಗೆರೆಗಳಾಗಿ ಒಳಹೋದವರನ್ನು ಹೆಸರಿಟ್ಟು ಕೂಗುವವರಿರುವುದಿಲ್ಲ. ಆದ್ದರಿಂದಲೇ ಗೇಟ್ ಪಂಥದ ಹಿರಿಯರು ‘ಪೂರ್ತಿ ಬರೀರಿ ಸರ’ ಎಂದು ಪೆನ್ನು ಮುಂದೆ ಹಿಡಿದಾಗ ಗಡಿಯಾರ ನೋಡಿಕೊಳ್ಳುವುದು ಅವಿವೇಕ. ಅವರೇ ಕೊಡುವ ಹೆಲ್ಮೆಟ್ಟು ಹಿಂದಿನ ನೂರು ತಲೆಗಳ ಎಣ್ಣೆಯನ್ನು ಹೊತ್ತಿದ್ದರೂ ಧರಿಸತಕ್ಕದ್ದು.

ಲಾಡ್ಜಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಕೌಂಟರಿನಲ್ಲಿ ಆಧಾರ್ ಪ್ರತಿ ಕೇಳಿದರೆ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಕೊಡಲು ಅವಕಾಶವುಂಟು. ಬೀಗದ ಕೈ ಪಡೆದ ಮೇಲೆ ಹಾಸಿಗೆಗೆ ಬೀಳುವ ಮೊದಲು ಮೆಟ್ಟಿಲು ಯಾವ ಕಡೆಗಿದೆ ಎಂದು ಒಮ್ಮೆ ನಡೆದು ನೋಡುವುದು ಹಿತ, ಏಕೆಂದರೆ ಹೊಗೆಯಲ್ಲಿ ಲಿಫ್ಟನ್ನು ನಂಬಲಾಗದು. ತುರ್ತಿಗೆ 112, ಆಂಬುಲೆನ್ಸಿಗೆ 108, ರೈಲಿನಲ್ಲಿ 139, ಹಣದ ವಂಚನೆಗೆ 1930 ಎಂಬ ಸಂಖ್ಯೆಗಳನ್ನು ಫೋನಿನಲ್ಲಷ್ಟೇ ಅಲ್ಲದೆ ಕಾಗದದ ಮೇಲೂ ಬರೆದಿಟ್ಟುಕೊಳ್ಳಬೇಕೆಂಬ ಮಾತೃಪಂಥದ ವಿಧಿಯನ್ನು, ಚಾರ್ಜ್ ಮುಗಿದ ಫೋನಿನೊಂದಿಗೆ ಒಮ್ಮೆ ಬೈಪಾಸಿನ ಬದಿಯಲ್ಲಿ ನಿಂತವರು ಪ್ರಶ್ನಿಸುವುದಿಲ್ಲ.

ಆಹಾರ ಪ್ರಕರಣದಲ್ಲಿ ಸಾವಜಿ ಖಾನಾವಳಿಯ ಖಾರವು ಮೊದಲ ರಾತ್ರಿಗೆ ವರ್ಜ್ಯ, ಮರುದಿನ ಯಂತ್ರದ ಮುಂದೆ ನಿರಂತರ ನಿಲ್ಲಬೇಕಾದವರಿಗೆ ಸರ್ವಥಾ ವರ್ಜ್ಯ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳು ಗ್ರಾಹ್ಯವಾದರೂ ‘ಇನ್ನೊಂದು ರೊಟ್ಟಿ ಹಾಕ್ಲೇನ್ರಿ’ ಎಂಬ ಒತ್ತಾಯವನ್ನು ತಡೆಯುವ ಉಪಾಯವನ್ನು ಯಾವ ಸುತ್ತೋಲೆಯೂ ಹೇಳಿಲ್ಲ. ಕೊನೆಗೆ ಉಳಿಯುವ ಜಟಿಲ ಪ್ರಶ್ನೆ ಮರುಪ್ರಯಾಣದ ಪೇಡೆಯದು. ರೈಲಿನಲ್ಲಿ ಸಹಪ್ರಯಾಣಿಕರು ಕೊಟ್ಟದ್ದನ್ನು ತಿನ್ನಬಾರದೆಂಬಲ್ಲಿ ಸುತ್ತೋಲೆ ಪಂಥಕ್ಕೂ ಮಾತೃಪಂಥಕ್ಕೂ ಅಪರೂಪದ ಐಕಮತ್ಯವಿದೆ, ಮತ್ತು ಈ ವಿಧಿ ಸರಿಯಾದದ್ದೇ. ಆದರೆ ಎದುರಿನ ಸೀಟಿನ ಅಜ್ಜಿ ಧಾರವಾಡದಿಂದ ತಂದ ಪೊಟ್ಟಣವನ್ನು ಬಿಚ್ಚಿ, ‘ತಗೋಪಾ, ನಿನ್ನ ವಯಸ್ಸಿನ ಮೊಮ್ಮಗ ಅದಾನ ನನಗ’ ಎಂದು ಕೈ ಚಾಚಿದಾಗ ವಿಧಿಯ ಬಲವೆಷ್ಟು ಎಂಬುದು ವಿವಾದಾಸ್ಪದ. ನಿಷ್ಠಾವಂತರು ಪೇಡೆಯನ್ನು ಕಾಗದದಲ್ಲಿ ಸುತ್ತಿ ‘ಮನೆಗೆ ಒಯ್ಯುತ್ತೇನೆ ಅಜ್ಜಿ’ ಎಂದು ಜೇಬಿಗಿಡುತ್ತಾರೆ. ಮನೆಯಲ್ಲಿ ಮಾತೃಪಂಥದ ಮುಖ್ಯ ಆಚಾರ್ಯೆಯು ಅದು ಯಾರು ಕೊಟ್ಟದ್ದು, ಎಲ್ಲಿಯದು, ಹೇಗೆ ಬಂತು ಎಂದು ಕೂಲಂಕಷವಾಗಿ ವಿಚಾರಿಸಿ, ಅಪರಿಚಿತರು ಕೊಟ್ಟದ್ದನ್ನು ಈಸಿಕೊಂಡದ್ದಕ್ಕೆ ಬೈದು, ಬೈಯುತ್ತಲೇ ಅರ್ಧ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ.