ಎಂಟರ್ ಒತ್ತಿದರೆ ಮುನ್ನೆಚ್ಚರಿಕೆ

ಬದಲಾವಣೆ ಜಗದ ನಿಯಮ ಎಂದು ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಹೇಳಿ ನೋಡಿ. 'ಸಿಆರ್ ನಂಬರ್ ಎಷ್ಟು?' ಎಂದು ಕೇಳುತ್ತಾರೆ. ಯಾವುದೋ ದೇಶದ ಬ್ಯಾಂಕಿನ ಸರ್ವರಿನಲ್ಲಿ ಒಂದು ಅಲ್ಪವಿರಾಮ ಅತ್ತಿಂದಿತ್ತ ಸರಿಯಬೇಕಾದರೂ ಚೇಂಜ್ ರಿಕ್ವೆಸ್ಟ್ ಎಂಬ ಅರ್ಜಿ ಗುಜರಾಯಿಸಬೇಕು. ಏನು ಬದಲಿಸುತ್ತೀರಿ, ಯಾಕೆ, ಹೇಗೆ, ಅಪಾಯ ಎಷ್ಟು, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ದಾರಿ ಯಾವುದು, ಟೆಸ್ಟ್ ಮಾಡಿದ್ದೀರಾ? ಕಾಲಂ ಮೇಲೆ ಕಾಲಂ. ಎಲ್ಲ ತುಂಬಿದ ಮೇಲೆ ಚೇಂಜ್ ಅಡ್ವೈಸರಿ ಬೋರ್ಡಿನ ಎದುರು ಕೈಕಟ್ಟಿ ನಿಲ್ಲಬೇಕು. ಅಂದರೆ ವಾರದ ಕಾಲ್‌ನಲ್ಲಿ ಮ್ಯೂಟ್ ತೆಗೆದು 'ಎಸ್, ಐ ಆಮ್ ಆಡಿಬಲ್' ಅನ್ನಬೇಕು.

ಇದರ ಹಿಂದಿನ ಉದ್ದೇಶದಲ್ಲಿ ಕೊಂಕಿಲ್ಲ. ಓಡುತ್ತಿರುವ ಯಂತ್ರಕ್ಕೆ ಕೈಹಾಕುವವನು ಒಂದು ಗಳಿಗೆ ನಿಂತು ಯೋಚಿಸಲಿ ಎಂದಷ್ಟೇ ಈ ಅರ್ಜಿ. ನಮ್ಮ ಹುಡುಗರೂ ನಿಂತು ಯೋಚಿಸಿದರು. ಯೋಚಿಸಿದ್ದು ಮಾತ್ರ ಬೇರೆ: ಇದನ್ನು ನಾವೇ ಯಾಕೆ ತುಂಬಬೇಕು?

ಹೀಗೆ ಹುಟ್ಟಿತು ಒಂದು ಸಾಲಿನ ಕಮಾಂಡ್. 1998ರಲ್ಲಿ ಹುಟ್ಟಿ ಈಗ ಬಹುತೇಕ ಎಲ್ಲ ಕಂಪ್ಯೂಟರುಗಳಲ್ಲೂ ಬಿಟ್ಟಿ ಚಾಕರಿ ಮಾಡುತ್ತಿರುವ ಕರ್ಲ್ ಎಂಬ ಉಪಕರಣ, ಸರ್ವಿಸ್‌ನೌನಂಥ ತಂತ್ರಾಂಶದ ವಿಳಾಸ, ಒಳಬಿಡಲು ಒಂದು ಟೋಕನ್, ಉತ್ತರಗಳೆಲ್ಲ ಮೊದಲೇ ಬರೆದಿಟ್ಟ ಒಂದು ಫೈಲು. ಎಂಟರ್ ಒತ್ತಿದರೆ ಆ ಕಡೆಯಿಂದ 201 ಎಂಬ ಉತ್ತರ ಬರುತ್ತದೆ. ದಾಖಲೆ ಹುಟ್ಟಿತು ಎಂದರ್ಥ. ಜೊತೆಗೆ ಸಿಎಚ್‌ಜಿ ಎಂದು ಶುರುವಾಗುವ ನಂಬರು. ಅಪಾಯ: ಕಡಿಮೆ. ಪರಿಣಾಮ: ಇಲ್ಲ. ಕೆಟ್ಟರೆ: ಹಳೆಯ ಆವೃತ್ತಿ ಮರುಸ್ಥಾಪನೆ. ಸೋಮವಾರದ ಬಣ್ಣ ಬದಲಾವಣೆಗೂ ಶನಿವಾರ ರಾತ್ರಿಯ ಡೇಟಾಬೇಸ್ ಸ್ಥಳಾಂತರಕ್ಕೂ ಅದೇ ಮೂರು ಉತ್ತರ. ಎಂಥ ಸಮಚಿತ್ತ! ಸ್ಥಿತಪ್ರಜ್ಞನೂ ನಾಚಬೇಕು.

ಮುಂಚೆ ಕಾಪಿ ಪೇಸ್ಟ್ ಕಾಲ ಇತ್ತು. ಹಳೇ ಪ್ರಾಜೆಕ್ಟಿನ ಸರ್ವರ್ ಹೆಸರು ಅಳಿಸಲು ಮರೆತೋ, ದೀಪಾವಳಿಯ ಅರ್ಜಿಯಲ್ಲಿ ಯುಗಾದಿಯ ತಾರೀಕು ಉಳಿದೋ, ಇಲ್ಲೊಬ್ಬ ನರಮನುಷ್ಯ ಓಡಾಡಿದ್ದಾನೆ ಎಂಬ ಕುರುಹಾದರೂ ಸಿಗುತ್ತಿತ್ತು. ಕಮಾಂಡ್ ಬಂದ ಮೇಲೆ ಆ ಸೂತಕವೂ ಕಳೆಯಿತು.

'ಮೇಡಂ, ಸಿಆರ್ ಹಾಕಿದೀನಿ, ಸ್ವಲ್ಪ ಅಪ್ರೂವ್ ಮಾಡ್ಬಿಡಿ.'

'ರಿಸ್ಕ್ ಏನು ಹಾಕಿದೀಯಾ?'

'ಲೋ, ಮೇಡಂ.'

'ಲೋ ಅಂತ ಹೆಂಗಪ್ಪಾ ಗೊತ್ತಾಯ್ತು?'

'ಮೀಡಿಯಂ ಹಾಕಿದ್ರೆ ಇನ್ನೊಬ್ರ ಅಪ್ರೂವಲ್ ಬೇಕಾಗುತ್ತಲ್ಲ ಮೇಡಂ.'

ಅಪಾಯವನ್ನು ಅಳೆಯಲು ಇದಕ್ಕಿಂತ ಖಚಿತವಾದ ಮಾಪಕ ವಿಜ್ಞಾನದ ಕೈಗೆ ಇನ್ನೂ ಸಿಕ್ಕಿಲ್ಲ.

ಈ ಚೇಂಜ್ ರಿಕ್ವೆಸ್ಟಿನ ಆಚಾರ ನಮ್ಮದಲ್ಲ. 1980ರ ದಶಕದಲ್ಲಿ ಬ್ರಿಟಿಷ್ ಸರ್ಕಾರದ ಒಂದು ಸಂಸ್ಥೆ ತನ್ನ ಕಂಪ್ಯೂಟರ್ ಸೇವೆಗಳನ್ನು ಶಿಸ್ತಿಗೆ ತರಲು ಬರೆಸಿದ ಕೈಪಿಡಿಗಳೇ ಐಟಿಐಎಲ್ ಎಂಬ ಧರ್ಮಗ್ರಂಥ. ಬ್ರಿಟಿಷರ ಕಡತಪದ್ಧತಿ ನಮಗೆ ಒಗ್ಗದೇ ಇದ್ದೀತೇ? ಆಮೇಲೆ ಅಮೆರಿಕದಲ್ಲಿ ಎನ್ರಾನ್ ಕಂಪನಿ ಲೆಕ್ಕಪತ್ರದಲ್ಲಿ ಕೈಚಳಕ ತೋರಿಸಿ 2001ರಲ್ಲಿ ದಿವಾಳಿ ಎದ್ದಿತು. 2002ರಲ್ಲಿ ಸಾರ್ಬೇನ್ಸ್-ಆಕ್ಸ್‌ಲಿ ಕಾಯಿದೆ ಬಂತು. ಲೆಕ್ಕ ಇಡುವ ಕಂಪ್ಯೂಟರಿನಲ್ಲಿ ಯಾರು ಏನು ಬದಲಿಸಿದರು, ಯಾರ ಅನುಮತಿಯಿಂದ ಎಂಬುದೂ ಆಡಿಟರುಗಳ ತನಿಖೆಗೆ ಬಂತು. ಹೂಸ್ಟನ್ನಿನಲ್ಲಿ ಯಾರೋ ಸುಳ್ಳು ಬರೆದರು ಎಂದು ಮಾರತ್ತಹಳ್ಳಿಯಲ್ಲಿ ನಮ್ಮ ಹುಡುಗರು ಫಾರಂ ತುಂಬುತ್ತಾರೆ.

ಆಡಿಟರು ಬರುತ್ತಾರೆ, ರಾಶಿಯಿಂದ ಬೆರಳೆಣಿಕೆಯ ಸಿಆರ್‌ಗಳನ್ನು ಹೆಕ್ಕುತ್ತಾರೆ. ಕಾಲಂ ತುಂಬಿದೆಯೇ? ತುಂಬಿದೆ. ಹಾಕಿದವರು ಬೇರೆ, ಒಪ್ಪಿದವರು ಬೇರೆಯೇ? ಬೇರೆ. ಒಪ್ಪಿಗೆ ಮೊದಲು, ಕೆಲಸ ಆಮೇಲೆಯೇ? ಹೌದು, ಹನ್ನೊಂದು ಸೆಕೆಂಡ್ ಮೊದಲು. ಸಂತೋಷ. ಬರೆದದ್ದರಲ್ಲಿ ಅರ್ಥ ಇದೆಯೇ ಎಂದು ಪರೀಕ್ಷಿಸಲು ಅವರ ಪಟ್ಟಿಯಲ್ಲೂ ಕಾಲಂ ಇಲ್ಲ.

ಬೋರ್ಡ್ ಇದ್ದರೆ ಅಪಘಾತವಾದರೂ ಕಡಿಮೆಯಾದೀತು ಎಂಬುದು ಹಿರಿಯರ ನಂಬಿಕೆ. ನಿಕೋಲ್ ಫೋರ್ಸ್‌ಗ್ರೆನ್, ಜೆಝ್ ಹಂಬಲ್, ಜೀನ್ ಕಿಮ್ ಎಂಬ ಮೂವರು ಸಾವಿರಾರು ಮಂದಿಯನ್ನು ಸಮೀಕ್ಷೆ ಮಾಡಿ 2018ರಲ್ಲಿ 'ಆಕ್ಸಿಲರೇಟ್' ಎಂಬ ಪುಸ್ತಕ ಬರೆದು ಆ ನಂಬಿಕೆಗೂ ಕಲ್ಲು ಹಾಕಿದರು. ತಂಡದ ಹೊರಗಿನ ಬೋರ್ಡು ಅನುಮತಿ ಕೊಡುವಲ್ಲಿ ಕೆಲಸ ನಿಧಾನವಾಗುತ್ತದೆ, ಕೆಟ್ಟದ್ದನ್ನು ಸರಿಪಡಿಸುವುದೂ ನಿಧಾನವಾಗುತ್ತದೆ. ಕೆಡುವ ಪ್ರಮಾಣ ಮಾತ್ರ ಇಳಿಯುವುದಿಲ್ಲ ಎಂದರು. ಪಕ್ಕದಲ್ಲಿ ಕೂತ ಸಹೋದ್ಯೋಗಿಯೇ ಕೋಡ್ ಓದಿ ಒಪ್ಪುವುದು ವಾಸಿ ಎಂಬುದು ಅವರ ಸಲಹೆ. ಓದಬೇಕು ಎಂದ ಮೇಲೆ ಆ ಸಲಹೆಗೆ ಅಪ್ರೂವಲ್ ಸಿಗುವುದು ಕಷ್ಟ.

ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೈಟ್ ಕ್ಯಾಪಿಟಲ್ ಕಥೆ ಇದೆ. ಅಮೆರಿಕದ ಷೇರು ವಹಿವಾಟಿನ ದೊಡ್ಡ ಕುಳ. 2012ರ ಆಗಸ್ಟ್ 1ಕ್ಕೆ ಮುಂಚೆ ಹೊಸ ಕೋಡನ್ನು ಎಂಟು ಸರ್ವರುಗಳಿಗೆ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಎಂಟನೆಯದು ಮರೆತುಹೋಯಿತು. ಇನ್ನೊಬ್ಬರು ಬಂದು ನೋಡಬೇಕು ಎಂಬ ಲಿಖಿತ ನಿಯಮವೇ ಅಲ್ಲಿರಲಿಲ್ಲ. ಆ ಬೆಳಗ್ಗೆ ಮಾರುಕಟ್ಟೆ ತೆರೆಯುವ ಮೊದಲೇ ಅವರದೇ ಯಂತ್ರ ಏನೋ ಎಡವಟ್ಟಾಗಿದೆ ಎಂದು 97 ಇಮೇಲ್ ಕಳಿಸಿತ್ತು. ತೊಂಬತ್ತೇಳು! ಹೆತ್ತ ತಾಯಿಯೂ ಅಷ್ಟು ಸಲ ಎಚ್ಚರಿಸುವುದಿಲ್ಲ. ಯಂತ್ರ ಕಳಿಸಿದ ಇಮೇಲ್ ತಾನೇ ಎಂದು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಬಾಗಿಲು ತೆರೆದ ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ಕರಗಿತು, ಹಿಂದೆಯೇ ಕಂಪನಿಯ ಸ್ವಾತಂತ್ರ್ಯವೂ ಹೋಯಿತು.

ಈ ಕಥೆ ಕೇಳಿದ ಮ್ಯಾನೇಜರುಗಳು 'ನೋಡಿ, ನಿಯಮ ಇರಲಿಲ್ಲ, ಅದಕ್ಕೇ' ಎಂದು ಇನ್ನೆರಡು ಕಾಲಂ ಸೇರಿಸಿದರು. ಹುಡುಗರು ಫೈಲಿಗೆ ಇನ್ನೆರಡು ಸಾಲು ಸೇರಿಸಿದರು. ಆ 97 ಇಮೇಲುಗಳ ವಿಷಯ ಇಬ್ಬರೂ ಎತ್ತಲಿಲ್ಲ.

ನಿಯಮ ಇದ್ದಲ್ಲಿ ಎಲ್ಲ ನೆಟ್ಟಗಿರುತ್ತದೆ ಎಂದೂ ಇಲ್ಲ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಅಧಿಕೃತ ಸಿಬ್ಬಂದಿಯೊಬ್ಬರು, ಸಿದ್ಧ ಕೈಪಿಡಿಯ ಪ್ರಕಾರವೇ, ಕೆಲವು ಸರ್ವರ್ ತೆಗೆಯುವ ಕಮಾಂಡ್ ಕೊಟ್ಟರು. ಟೈಪಿಸಿದ್ದರಲ್ಲಿ ಒಂದು ತಪ್ಪು. ಕೆಲವು ಹೋಗಿ ಹಲವು ತೆಗೆಯಲ್ಪಟ್ಟವು, ಅರ್ಧ ಇಂಟರ್‌ನೆಟ್ ಗಂಟೆಗಟ್ಟಲೆ ಮಂಕಾಯಿತು. ಅಮೆಜಾನ್ ಆಮೇಲೆ ಆ ಉಪಕರಣವನ್ನೇ ತಿದ್ದಿತು: ಒಂದೇ ಸಲಕ್ಕೆ ಅಷ್ಟೊಂದು ತೆಗೆಯಲು ಹೋದರೆ ಅದು ಒಪ್ಪದ ಹಾಗೆ. ಕಾಲಂ ಬದಲು ಕಡಿವಾಣ. ನಮ್ಮಲ್ಲಿ ಇಂಥ ಸಲಹೆ ಕೊಟ್ಟವನಿಗೆ ಮೊದಲು ಸಿಆರ್ ಹಾಕು ಅನ್ನುತ್ತಾರೆ.

ಕಮಾಂಡಿನ ಮೇಲೆ ನನಗೆ ಹಗೆಯಿಲ್ಲ. ಯಾವ ಕೋಡು, ಎಷ್ಟು ಹೊತ್ತಿಗೆ, ಯಾವ ಸರ್ವರಿಗೆ ಹೋಯಿತು, ಟೆಸ್ಟಿನಲ್ಲಿ ಪಾಸಾಯಿತೋ ಇಲ್ಲವೋ ಎಂಬುದನ್ನು ಯಂತ್ರವೇ ಬರೆದಿಡಲಿ. ಮನುಷ್ಯನಿಗಿಂತ ಚೊಕ್ಕಟವಾಗಿ ಬರೆಯುತ್ತದೆ, ಸುಳ್ಳು ಹೇಳುವುದಿಲ್ಲ. ನಾವು ಅದರ ಕೈಯಲ್ಲಿ ಬರೆಸುತ್ತಿರುವುದು ನಡೆದದ್ದನ್ನಲ್ಲ, ನಾವು ಯೋಚಿಸಿದೆವು ಎಂಬುದನ್ನು. ಸುಳ್ಳುಸಾಕ್ಷಿಗೆ ಕಟಕಟೆ ಹತ್ತಿಸಿದರೆ ಪಾಪದ ಕರ್ಲ್ ಏನು ಮಾಡೀತು?

ಇನ್ನು ಎಮರ್ಜೆನ್ಸಿ ಚೇಂಜ್ ಎಂಬ ವಿಶೇಷ ದರ್ಶನವಿದೆ. ಮೊದಲು ಕೆಲಸ, ಆಮೇಲೆ ಅರ್ಜಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಹಿರಿಯರು ನಕ್ಕರು. ಇಲ್ಲಿ ಬಾಗಿಲು ಹಾಕಲೂ ಮೂವರ ಒಪ್ಪಿಗೆ ಬೇಕು, ಅದೂ ಸೂರೆ ಹೊಡೆದವರ ಟೀಮ್ ಲೀಡ್ ಕಡೆಯಿಂದ. ಕಮಾಂಡ್ ಅದನ್ನೂ ಕಲಿತಿದೆ. ಕೊನೆಯಲ್ಲಿ 'ಎಮರ್ಜೆನ್ಸಿ' ಎಂದು ಸೇರಿಸಿದರಾಯಿತು.

ಅರ್ಜಿಗಳು ಹೊಳೆಯಂತೆ ಹರಿದು ಬರತೊಡಗಿದಾಗ ಅಪ್ರೂವ್ ಮಾಡುವ ಮೇಡಂಗೂ ಕೈ ಸೋತಿತು. ಅವರೂ ಒಂದು ಸ್ಕ್ರಿಪ್ಟ್ ಬರೆಸಿಕೊಂಡರು: ರಿಸ್ಕ್ ಲೋ ಇದ್ದರೆ ಒಪ್ಪು. ಈಗ ಆ ಕಡೆ ಒಂದು ಯಂತ್ರ ಬೇಡುತ್ತದೆ, ಈ ಕಡೆ ಒಂದು ಯಂತ್ರ ಕೊಡುತ್ತದೆ. ಬೋರ್ಡಿನ ವಾರದ ಕಾಲ್ ಮಾತ್ರ ನಿಂತಿಲ್ಲ, ಕ್ಯಾಲೆಂಡರಿನಿಂದ ಅದನ್ನು ತೆಗೆಯುವುದಕ್ಕೆ ಯಾರ ಅನುಮತಿ ಬೇಕೆಂದು ಗೊತ್ತಾಗಿಲ್ಲ.

ಈಚೆಗೆ ಆ ಕಮಾಂಡಿನಲ್ಲೇ ಒಂದು ತಿದ್ದುಪಡಿ ಬೇಕಾಯಿತಂತೆ. ನಿಯಮ ನಿಯಮವೇ, ಅದಕ್ಕೂ ಸಿಆರ್ ಬೇಕು. ಕಮಾಂಡ್ ತನ್ನ ಅರ್ಜಿಯನ್ನು ತಾನೇ ಹಾಕಿಕೊಂಡಿತು. ಅಪಾಯ: ಕಡಿಮೆ. ಪರಿಣಾಮ: ಇಲ್ಲ. ಮೇಡಂ ಆ ವಾರ ರಜೆಯಲ್ಲಿದ್ದರು; ಅವರ ಸ್ಕ್ರಿಪ್ಟ್ ಡ್ಯೂಟಿಯಲ್ಲಿತ್ತು.