ತಾಳ ತಪ್ಪದ ಸೋಮಾರಿ

ಹನುಮಂತನಗರದ ನಮ್ಮ ಮನೆಯ ಮಹಡಿಯಲ್ಲಿ ಹತ್ತಡಿಗೆ ಹನ್ನೆರಡಡಿಯ ಒಂದು ಕೋಣೆಯಿದೆ. ನಾನದನ್ನು ಸ್ಟುಡಿಯೋ ಎನ್ನುತ್ತೇನೆ. ಮನೆಯವರು ‘ಮೇಲಿನ ರೂಮು’ ಎನ್ನುತ್ತಾರೆ. ಉಪ್ಪಿನಕಾಯಿ ಜಾಡಿಗಳನ್ನು ಅಲ್ಲಿಂದ ಇಳಿಸಿ ಹದಿನೈದು ವರ್ಷವಾದರೂ ಅವರ ಪಾಲಿಗೆ ಅದು ಬಡ್ತಿ ಪಡೆದ ಉಗ್ರಾಣವೇ. ಗೋಡೆಗೆ ಹಳೇ ಹಾಸಿಗೆಯ ಹತ್ತಿ ತುಂಬಿದ ಚೌಕಟ್ಟುಗಳು, ಒಂದು ಮೈಕು, ಒಂದು ಹಾರ್ಮೋನಿಯಂ, ಒಂದು ಕಂಪ್ಯೂಟರು. ಭಾವಗೀತೆ, ದೇವರನಾಮ, ಯಾರದೋ ಷಷ್ಟ್ಯಬ್ದಿಗೆ ಮಕ್ಕಳು ಬರೆಸಿದ ಹಾಡು, ಹೀಗೆ ಸಣ್ಣಪುಟ್ಟ ಕೆಲಸ ಇಲ್ಲಿ ನಡೆಯುತ್ತದೆ.

ನಮ್ಮ ಬೀದಿಯಲ್ಲಿ ರೆಕಾರ್ಡಿಂಗಿಗೆ ಯೋಗ್ಯವಾದ ಮುಹೂರ್ತ ದಿನಕ್ಕೆ ಒಂದೇ. ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ. ಸೊಪ್ಪಿನವಳು ಕೂಗಿ ಹೋಗಿರುತ್ತಾಳೆ, ಪಕ್ಕದ ಮನೆಯ ಕುಕ್ಕರು ಇನ್ನೂ ಒಲೆ ಏರಿರುವುದಿಲ್ಲ, ಮಕ್ಕಳು ಶಾಲೆಯಲ್ಲಿರುತ್ತಾರೆ. ಇಂಥದೊಂದು ಗಂಟೆಯಲ್ಲಿ ಹಿರಿಯ ಗಾಯಕಿಯೊಬ್ಬರು ಬಂದು ಎರಡನೇ ಚರಣ ಮುಗಿಸಿ ಹೆಡ್‌ಫೋನ್ ತೆಗೆದರು. “ಆ ಒಂದು ಸಾಲು ಇನ್ನೊಂದ್ಸಲ ಹಾಡ್ತೀನಪ್ಪ. ‘ಬೆಳಕು’ ಅನ್ನೋ ಕಡೆ ಳಕಾರ ಜಾರಿಬಿಡ್ತು.” ಎಪ್ಪತ್ತು ದಾಟಿದ ಕಂಠ, ಜಾರಿದ್ದು ಒಂದು ಕೂದಲೆಳೆಯಷ್ಟು. ನನ್ನ ಕಿವಿಗೂ ಬಿದ್ದಿರಲಿಲ್ಲ. ಹೊಸ ಟ್ರ್ಯಾಕ್ ತೆರೆಯೋಣವೆಂದು ರೆಕಾರ್ಡಿಂಗ್ ತಂತ್ರಾಂಶದ ಮೆನು ಒತ್ತಿದೆ.

ಏನೂ ಆಗಲಿಲ್ಲ.

ಇನ್ನೊಮ್ಮೆ ಒತ್ತಿದೆ. ಪರದೆ ಮೆಲ್ಲಗೆ ಬಿಳಿಚಿಕೊಂಡಿತು, ಉಪವಾಸ ಮಾಡಿದವರು ಕಣ್ಣು ಕತ್ತಲೆ ಬಂದು ಗೋಡೆಗೆ ಒರಗುವ ಹಾಗೆ. ಮೇಲಿನ ಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂಬ ಪ್ರಕಟಣೆ ಬಂತು. ನೀಲಿ ಉಂಗುರ ತಿರುಗತೊಡಗಿತು. ಗಾಜಿನಾಚೆಯಿಂದ ಅಮ್ಮನವರು ಕೇಳಿದರು: “ಏನಪ್ಪಾ, ನಿನ್ನ ಪೆಟ್ಟಿಗೆ ಜಪಕ್ಕೆ ಕೂತಿತಾ?”

“ಎರಡೇ ನಿಮಿಷ ಅಮ್ಮಾ.”

ಪೆಟ್ಟಿಗೆ ಜಪ ಮುಗಿಸಿ ಕಣ್ಣು ಬಿಡುವಷ್ಟರಲ್ಲಿ ಪಕ್ಕದ ಮನೆಯ ಕುಕ್ಕರು ಮೊದಲ ಸೀಟಿ ಹೊಡೆಯಿತು. ಅವರ ಮನೆಯಲ್ಲಿ ಬೇಳೆಗೆ ನಾಲ್ಕು ಸೀಟಿ.

ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಪರದೆ ಹೀಗೆ ಮೂರ್ಛೆ ಹೋಗಿದ್ದ ಅಷ್ಟು ಹೊತ್ತೂ ನನ್ನ ಹೆಡ್‌ಫೋನಿನಲ್ಲಿ ಹಾಡು ನಡೆಯುತ್ತಲೇ ಇತ್ತು. ತಂಬೂರಿ ಮೀಟುತ್ತಿತ್ತು. ತಬಲಾದವರು ದಾದ್ರಾ ಹಿಡಿದು ಹೊರಟವರು ಒಂದು ಮಾತ್ರೆಯೂ ಆಚೀಚೆಯಾಗದೆ ಸಮ್‌ಗೆ ಬಂದು ಸೇರುತ್ತಿದ್ದರು. ಮುಖಕ್ಕೆ ಪ್ರಜ್ಞೆಯಿಲ್ಲ, ತಾಳ ಮಾತ್ರ ತಪ್ಪುತ್ತಿಲ್ಲ. ಕಛೇರಿಯಲ್ಲಿ ತೂಕಡಿಸುತ್ತಲೇ ತೊಡೆಯ ಮೇಲೆ ಸರಿಯಾಗಿ ತಾಳ ಹಾಕುವ ಹಿರಿಯರನ್ನು ಮೊದಲ ಸಾಲಿನಲ್ಲಿ ನೀವೂ ನೋಡಿರುತ್ತೀರಿ. ಅದೇ ಜಾತಿ.

ಇದರ ಹಿಂದೆ ಒಂದು ಲೆಕ್ಕವಿದೆ. ಸಿ.ಡಿ. ಗುಣಮಟ್ಟದ ಧ್ವನಿ ಎಂದರೆ ಸೆಕೆಂಡಿಗೆ 44,100 ಅಂಕಿಗಳು. ಇವನ್ನು ಒಂದೊಂದಾಗಿ ಕಳಿಸಲಾಗದು. ಕಟ್ಟು ಕಟ್ಟಿ ಕಳಿಸಬೇಕು. ಆ ಕಟ್ಟಿಗೆ ಬಫರ್ ಎಂದು ಹೆಸರು. ಹಾಡುವವರಿಗೆ ತಮ್ಮ ದನಿ ತಡವಾಗಿ ಕೇಳಿಸಬಾರದೆಂದು ನಾನು 128ರ ಕಟ್ಟು ಇಟ್ಟುಕೊಳ್ಳುತ್ತೇನೆ. ಅಂದರೆ ಸುಮಾರು 2.9 ಮಿಲಿಸೆಕೆಂಡಿಗೊಂದು ಕಟ್ಟು ತಯಾರಾಗಿ ಬಾಗಿಲಲ್ಲಿ ನಿಂತಿರಬೇಕು. ಗಾಳಿಯಲ್ಲಿ ಸದ್ದು ಒಂದು ಮೀಟರ್ ನಡೆಯಲು ತೆಗೆದುಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಒಂದೇ ಒಂದು ಕಟ್ಟು ತಡವಾದರೂ ಸ್ಪೀಕರಿನಲ್ಲಿ ‘ಟಪ್’ ಎಂದು ಒಗ್ಗರಣೆಯ ಸಾಸಿವೆ ಸಿಡಿದಂತಾಗುತ್ತದೆ, ಟೇಕು ಕೆಡುತ್ತದೆ. ಹಾಗಾಗಿ ಈ ತಂತ್ರಾಂಶ ಬರೆದವರು ಕಟ್ಟಪ್ಪಣೆ ಮಾಡಿದ್ದಾರೆ: ಮನೆಗೆ ಬೆಂಕಿ ಬಿದ್ದರೂ ಧ್ವನಿಯ ಕಟ್ಟು ಮೊದಲು ಹೋಗಲಿ, ಮಿಕ್ಕಿದ್ದೆಲ್ಲ ಆಮೇಲೆ. ಮೆನು ತೆರೆಯಲು ಮೂರು ಸೆಕೆಂಡು ಹಿಡಿಯಿತು ಎಂದು ನಾನು ಹಲ್ಲು ಕಡಿಯುವಾಗ, ಅದೇ ಮೂರು ಸೆಕೆಂಡಿನಲ್ಲಿ ಈ ಸೋಮಾರಿ ಸಾವಿರಕ್ಕೂ ಹೆಚ್ಚು ಕಟ್ಟುಗಳನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸಿರುತ್ತದೆ.

ಮದುವೆ ಮನೆಯಲ್ಲಿ ಬೀಗರ ಕಡೆಯವರಿಗೆ ಸಲ್ಲುವ ಉಪಚಾರ ಇದು. ಅವರ ಎಲೆಗೆ ಹೋಳಿಗೆ, ಹೋಳಿಗೆಗೆ ತುಪ್ಪ, ತುಪ್ಪ ಸೋರುವ ಮೊದಲೇ ಇನ್ನೊಂದು ಹೋಳಿಗೆ. ಹೆಣ್ಣಿನ ಕಡೆಯ ಚಿಕ್ಕಪ್ಪ ಕೊನೇ ಪಂಕ್ತಿಯಲ್ಲಿ ಕೂತು “ಸ್ವಲ್ಪ ನೀರು” ಎಂದು ಬೆರಳೆತ್ತಿರುತ್ತಾನೆ. ಬಡಿಸುವವರು ನೋಡಿರುತ್ತಾರೆ, ನೋಡಿಲ್ಲ ಎಂದಲ್ಲ. ಈ ಮದುವೆಯಲ್ಲಿ ಕಿವಿ ಬೀಗರ ಕಡೆ. ಕಣ್ಣು, ಕೈ, ಮೌಸು ಹೆಣ್ಣಿನ ಕಡೆ. ನನಗೆ ಈ ಏರ್ಪಾಡಿನ ಮೇಲೆ ತಕರಾರಿಲ್ಲ. ಬೀಗರು ಎದ್ದು ಹೋದ ಮೇಲೂ ನೀರು ಬರುವುದಿಲ್ಲವಲ್ಲ, ಅದರ ಮೇಲಿದೆ. ಹಾಡು ನಿಲ್ಲಿಸಿ, ಎಲ್ಲವೂ ಸುಮ್ಮನಿರುವಾಗಲೂ ಮೆನು ಅದೇ ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ.

ಅಕ್ಕನ ಮಗ ವೈಟ್‌ಫೀಲ್ಡಿನ ಯಾವುದೋ ಕಂಪನಿಯಲ್ಲಿ ಇದೇ ಕಸುಬಿನವನು. ಹಬ್ಬಕ್ಕೆ ಬಂದಾಗ ತೋರಿಸಿದೆ. “ಮಾಮಾ, ನಿಮ್ಮ ಕಂಪ್ಯೂಟರಿಗೆ ಎಂಟು ಕೋರ್ ಇದೆ. ಆದ್ರೆ ಪರದೆ ಕೆಲಸ, ಮೌಸಿನ ಕೆಲಸ ಎಲ್ಲಾ ಒಬ್ಬನ ತಲೆ ಮೇಲೇ ಬೀಳತ್ತೆ” ಎಂದ. ಎಂಟು ಕೌಂಟರಿನ ಕಚೇರಿ, ಗುಮಾಸ್ತ ಒಬ್ಬನೇ. ನಾನು ಒತ್ತಿದ್ದೆಲ್ಲ ಅವನ ಮೇಜಿನ ಮೇಲೆ ಸರದಿಯಲ್ಲಿ ಬೀಳುತ್ತದೆ. ಅವನು ಮೊದಲ ಅರ್ಜಿಯನ್ನು ಓದಿ ಮುಗಿಸುವವರೆಗೆ ತಲೆ ಎತ್ತುವುದಿಲ್ಲ.

ಅವನ ಪ್ರಾಮಾಣಿಕತೆಯೇ ದೊಡ್ಡ ಅಪಾಯ. ಒಂದೂ ಅರ್ಜಿಯನ್ನು ಕಳೆಯುವುದಿಲ್ಲ. ಒಮ್ಮೆ ಬೇಡದ ಟ್ರ್ಯಾಕೊಂದನ್ನು ಅಳಿಸಲು ಡಿಲೀಟ್ ಒತ್ತಿದೆ. ಕದಲಲಿಲ್ಲ. ಒತ್ತಿದ್ದು ಮುಟ್ಟಲಿಲ್ಲವೇನೋ ಎಂದು ಮತ್ತೆ ಒತ್ತಿದೆ. ರೇಗಿಕೊಂಡು ಇನ್ನೂ ಮೂರು ಸಲ. ಗುಮಾಸ್ತ ನಿಧಾನವಾಗಿ ಎಚ್ಚೆತ್ತು ಐದೂ ಅರ್ಜಿಗಳನ್ನು ಕ್ರಮವಾಗಿ ಮಂಜೂರು ಮಾಡಿದ: ಬೇಡದ ಟ್ರ್ಯಾಕು, ಗೆಜ್ಜೆ, ಕೊಳಲು, ವಯೊಲಿನ್, ತಬಲಾ. ನನ್ನ ಕಣ್ಣೆದುರೇ ಮೇಳದವರು ಒಬ್ಬೊಬ್ಬರಾಗಿ ಎದ್ದು ಹೋದರು. ‘ಅನ್‌ಡೂ’ ಇದೆ, ನಿಜ. ಅದನ್ನೂ ಅವನೇ ಮಾಡಬೇಕು. ಅದನ್ನು ಎಷ್ಟು ಸಲ ಒತ್ತಿದೆನೋ ಲೆಕ್ಕ ತಪ್ಪಿ, ಹಿಂದಿನ ಒಂದು ಗಂಟೆಯ ಕೆಲಸವೂ ಹಿಂದಕ್ಕೆ ಹೋಯಿತು.

ಮನುಷ್ಯನ ತಾಳ್ಮೆಗೆ ಅಳತೆಗೋಲು ಹಿಡಿದವರೂ ಇದ್ದಾರೆ. 1968ರಲ್ಲೇ ರಾಬರ್ಟ್ ಮಿಲ್ಲರ್ ಎಂಬುವರು ಬರೆದದ್ದು, ಮುಂದೆ ಯಾಕೊಬ್ ನೀಲ್ಸನ್ ಊರೆಲ್ಲ ಹಬ್ಬಿಸಿದ್ದು: ಒಂದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಯಂತ್ರ ಓಗೊಟ್ಟರೆ ತಕ್ಷಣವೇ ಆಯಿತು ಅನ್ನಿಸುತ್ತದೆ, ಒಂದು ಸೆಕೆಂಡಾದರೆ ಕಾದದ್ದು ತಿಳಿಯುತ್ತದೆ, ಯೋಚನೆಯ ಎಳೆ ಕಡಿಯುವುದಿಲ್ಲ, ಹತ್ತು ಸೆಕೆಂಡು ದಾಟಿದರೆ ಮನಸ್ಸು ಬೇರೆ ಕಡೆ ಹೊರಡುತ್ತದೆ. ನನ್ನದು ಅಡುಗೆಮನೆಯ ಕಡೆ ಹೊರಡುತ್ತದೆ. ಈ ತಂತ್ರಾಂಶ ಬಂದ ಮೇಲೆ ದಿನಕ್ಕೆ ಎರಡಿದ್ದ ಕಾಫಿ ಐದಾಗಿದೆ.

ಪರದೆಯದೂ ಒಂದು ಕಥೆ. ಈ ತಂತ್ರಾಂಶದ ಕೆಲವು ಕಿಟಕಿಗಳನ್ನು ಬರೆದ ಕಾಲದಲ್ಲಿ 1024ಕ್ಕೆ 768 ಚುಕ್ಕಿಗಳ ಪರದೆಯೆಂದರೆ ದೊಡ್ಡದು. ಒಟ್ಟು ಎಂಟು ಲಕ್ಷಕ್ಕೆ ಸ್ವಲ್ಪ ಕಡಿಮೆ. ನಾನು ಆಸೆಪಟ್ಟು ತಂದಿಟ್ಟ 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಬಾಗಿಲ ಮುಂದೆ ನಾಲ್ಕೆಳೆ ರಂಗೋಲಿ ಹಾಕಿ ಒಳಗೆ ಹೋಗುತ್ತಿದ್ದ ಹೆಣ್ಣುಮಗಳಿಗೆ ಇಡೀ ಬೀದಿ ತುಂಬಿಸು ಅಂದ ಹಾಗಾಯಿತು. ರಂಗೋಲಿ ಪುಡಿ ಅದೇ, ಕೈಯೂ ಅದೇ. ಬೀದಿ ತುಂಬಿಸಲಾಗದ ಕಿಟಕಿಗಳು ಇದ್ದಷ್ಟೇ ಇದ್ದು ಮೂಲೆಯಲ್ಲಿ ಅಂಚೆಚೀಟಿಯಂತೆ ಕೂರುತ್ತವೆ. ದನಿಗೆ ಅನುರಣನ ಹಚ್ಚುವ ನನ್ನ ರಿವರ್ಬಿನ ಅಕ್ಷರಗಳನ್ನು ಓದುವುದು ಒಂಟಿಕೊಪ್ಪಲ್ ಪಂಚಾಂಗದಲ್ಲಿ ರಾಹುಕಾಲ ಹುಡುಕುವುದಕ್ಕಿಂತ ಕಷ್ಟ.

ಇಷ್ಟು ಬಡತನದಲ್ಲೂ ಅಲಂಕಾರಕ್ಕೆ ಕೊರತೆಯಿಲ್ಲ. ತಂತ್ರಾಂಶಕ್ಕೆ ಜೋಡಿಸಿಕೊಳ್ಳುವ ಪ್ಲಗಿನ್ ಒಂದನ್ನು ತೆರೆದರೆ ತೇಗದ ಹಲಗೆ, ಹಿತ್ತಾಳೆ ಅಂಚು, ನಾಲ್ಕು ಮೂಲೆಗೆ ನಾಲ್ಕು ತಿರುಪು, ಆ ತಿರುಪಿಗೆ ಒಂಚೂರು ತುಕ್ಕು! ಅರವತ್ತು ಎಪ್ಪತ್ತರ ದಶಕದ ಯಂತ್ರದ ರೂಪವಂತೆ. ಅದರ ಗುಂಡಿಯನ್ನು ತಿರುಗಿಸಬೇಕಾದರೆ ಮೌಸನ್ನು ಸುತ್ತ ಆಡಿಸಬೇಕೋ ಮೇಲಕ್ಕೆಳೆಯಬೇಕೋ ಎಂಬುದು ಒಂದೊಂದರಲ್ಲಿ ಒಂದೊಂದು ಸಂಪ್ರದಾಯ, ವಡಗಲೆ ತೆಂಗಲೆ ಇದ್ದ ಹಾಗೆ. ಆ ಗುಂಡಿ ನಿಜವಾಗಿ ತಿರುಗುವುದೂ ಇಲ್ಲ. ಒಂದಿಷ್ಟು ಬೇರೆ ಬೇರೆ ಕೋನದ ಚಿತ್ರಗಳು ಸಿನಿಮಾ ರೀಲಿನಂತೆ ಬದಲಾಗುತ್ತವೆ, ಅಷ್ಟೆ. ನನ್ನಲ್ಲಿ ರೀಲು ಸಿಕ್ಕಿಕೊಂಡ ಟೂರಿಂಗ್ ಟಾಕೀಸಿನ ಹಾಗೆ. ಪಕ್ಕದಲ್ಲೇ ರಾಡೆಲ್‌ನ ಎಲೆಕ್ಟ್ರಾನಿಕ್ ತಂಬೂರಿ ಇಟ್ಟುಕೊಂಡಿದ್ದೇನೆ. ನಮ್ಮ ಬೆಂಗಳೂರಿನದೇ, ಕೊಳಲು ನುಡಿಸುವ ಇಂಜಿನಿಯರು ಜಿ. ರಾಜನಾರಾಯಣ ಅವರ ಕಲ್ಪನೆ. ಗುಂಡಿ ತಿರುಗಿಸಿದರೆ ಶ್ರುತಿ ಬೆರಳಿನ ಜೊತೆಗೇ ಏರುತ್ತದೆ. ರೇಗಿದಾಗ ಸುಮ್ಮನೆ ಅದರ ಗುಂಡಿ ತಿರುಗಿಸಿ ಸಮಾಧಾನ ಮಾಡಿಕೊಳ್ಳುತ್ತೇನೆ.

ಹಿಂದೆ ಹೇಗಿತ್ತು ಎಂದು ಶುರು ಮಾಡಿದರೆ ಮುದುಕರ ಸಾಲಿಗೆ ಸೇರಿಸುತ್ತೀರಿ. ಆದರೂ ಇದೊಂದು ಕೇಳಿ. 1985ರಲ್ಲಿ ಅಟಾರಿ ಎಸ್‌ಟಿ ಎಂಬ ಕಂಪ್ಯೂಟರು ವಾದ್ಯಗಳನ್ನು ಜೋಡಿಸುವ ಮಿಡಿ ಕಿಂಡಿಯನ್ನು ಮೈಯಲ್ಲೇ ಇಟ್ಟುಕೊಂಡು ಬಂತು. 1989ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ ಅದಕ್ಕೆಂದೇ ಕ್ಯೂಬೇಸ್ ತಂದಿತು. ಹಾಡು ಎಡದಿಂದ ಬಲಕ್ಕೆ ಪಟ್ಟಿಪಟ್ಟಿಯಾಗಿ ಕಾಣುವ ವಿನ್ಯಾಸ ಜನಪ್ರಿಯವಾದದ್ದು ಅದರಿಂದ. ಆ ಯಂತ್ರದ 1040 ಮಾದರಿಗಿದ್ದ ಸ್ಮರಣೆ ಒಂದು ಮೆಗಾಬೈಟ್. ಇವತ್ತು ನನ್ನ ತುಕ್ಕು ತಿರುಪಿನ ಚಿತ್ರಕ್ಕೆ ಅಷ್ಟು ಬೇಕಾದೀತು. ಅದು ಧ್ವನಿಯನ್ನು ಹೊರುತ್ತಿರಲಿಲ್ಲ, ಸ್ವರದ ಸೂಚನೆಗಳನ್ನಷ್ಟೇ ಕಳಿಸುತ್ತಿತ್ತು, ಒಪ್ಪುತ್ತೇನೆ. ಯಂತ್ರಾಂಶ ವೇಗವಾಗುವುದಕ್ಕಿಂತ ಬೇಗ ತಂತ್ರಾಂಶ ನಿಧಾನವಾಗುತ್ತಿದೆ ಎಂದು ನಿಕ್ಲಾಸ್ ವಿರ್ತ್ 1995ರಲ್ಲೇ ಬರೆದಿದ್ದರು. ಅವರು ಪ್ಯಾಸ್ಕಲ್ ಭಾಷೆ ಕಟ್ಟಿದವರು. ಅವರ ಮಾತನ್ನೇ ಕೇಳದವರು ನನ್ನದನ್ನು ಕೇಳುತ್ತಾರೆಯೇ?

“ಹೊಸದು ತಗೊಳ್ಳಿ ಮಾಮಾ, ಇಲ್ಲಾ ಅಪ್‌ಡೇಟಾದ್ರೂ ಮಾಡಿ.” ಅಕ್ಕನ ಮಗನಿಗೆ ಹೇಗೆ ಹೇಳಲಿ? ಈ ಕಂಪ್ಯೂಟರು ಮಡಿಯಲ್ಲಿದೆ. ಇಂಟರ್‌ನೆಟ್ ಮುಟ್ಟಿಸುವುದಿಲ್ಲ, ಬೇರೆಯವರ ಪೆನ್ ಡ್ರೈವ್ ತಾಗಿಸುವುದಿಲ್ಲ. 2019ರಲ್ಲಿ ಆ್ಯಪಲ್ ತನ್ನ ಹೊಸ ವ್ಯವಸ್ಥೆಯಲ್ಲಿ 32 ಬಿಟ್ ತಂತ್ರಾಂಶಗಳನ್ನು ಪೂರ್ತಿ ಕೈಬಿಟ್ಟಾಗ, ರಾತ್ರಿ ಅಪ್‌ಡೇಟ್ ಒತ್ತಿ ಮಲಗಿದ ಸಂಗೀತಗಾರರಿಗೆ ಬೆಳಗಾಗುವಷ್ಟರಲ್ಲಿ ಹಳೇ ಪ್ಲಗಿನ್‌ಗಳು ಇರಲಿಲ್ಲ. ನನ್ನದು ಆ ಯಂತ್ರವಲ್ಲದಿದ್ದರೂ ಪಾಠ ಕಲಿತಿದ್ದೇನೆ. ಹದಿನೈದು ವರ್ಷದ ಹಾಡುಗಳು ಇದರೊಳಗಿವೆ. ದಾದ್ರಾ ನುಡಿಸಿದ ಆ ತಬಲಾದವರು ಈಗಿಲ್ಲ. ಅವರ ಎಡಗೈಯ ಗುಮುಕಿಗೆ ನಾನು ಹಚ್ಚಿದ ರಿವರ್ಬು ಈ ಅಂಚೆಚೀಟಿ ಕಿಟಕಿಯಲ್ಲಿ ಮಾತ್ರ ತೆರೆಯುತ್ತದೆ. ಅದನ್ನು ಬರೆದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು.

ತಂತ್ರಾಂಶದವರು ಹೋದ ತಿಂಗಳು ಪತ್ರ ಕಳಿಸಿದ್ದರು, ಹೊಸ ಆವೃತ್ತಿ ಬಂದಿದೆಯೆಂದು. ಇನ್ನೂರು ಹೊಸ ಸದ್ದುಗಳು, ಬಣ್ಣ ಬದಲಿಸುವ ಸೌಲಭ್ಯ, ಹಾಡನ್ನು ತಾನೇ ಹೊಸೆದುಕೊಡುವ ಜಾಣ ಸಹಾಯಕ. ಮೆನು ಎಷ್ಟು ಬೇಗ ತೆರೆಯುತ್ತದೆ ಎಂಬ ಮಾತು ಎಲ್ಲೂ ಇರಲಿಲ್ಲ. ಪತ್ರವನ್ನು ಮಡಿಯಿಲ್ಲದ ಕಂಪ್ಯೂಟರಿನಲ್ಲೇ ಬಿಟ್ಟು ಮಹಡಿ ಹತ್ತಿದೆ.

ಅಮ್ಮನವರ ಳಕಾರ ಆ ದಿನ ಆಗಲಿಲ್ಲ. ಗಂಟಲು ತಣ್ಣಗಾಯಿತೆಂದು ಎದ್ದು, ಮುಂದಿನ ಮಂಗಳವಾರ ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ತಂದು, ಪೆಟ್ಟಿಗೆಯ ಜಪ ಮುಗಿಯುವವರೆಗೆ ಗುಟುಕು ಗುಟುಕಾಗಿ ಕುಡಿಯುತ್ತಾ ಕೂತು, ಒಂದೇ ಟೇಕಿನಲ್ಲಿ ಹಾಡಿ ಹೋದರು. ಹಾಗಾಗಿ ನಮ್ಮಲ್ಲಿಗೆ ಹಾಡಲು ಬರುವವರಲ್ಲಿ ವಿನಂತಿ: ಹನ್ನೊಂದಕ್ಕೆ ಹತ್ತು ನಿಮಿಷ ಮೊದಲೇ ಬನ್ನಿ, ಫ್ಲಾಸ್ಕು ತನ್ನಿ. ಕಾಫಿ ನಾನು ಕೊಡುತ್ತೇನೆ.