ಗ್ಯಾರೇಜಿನೊಳಗಿನ ನಾಗಪ್ಪ

ನಮ್ಮ ಅಳಿಯಂದಿರು ಹಗಲು ಹೊತ್ತು ಡೆಟ್ರಾಯಿಟ್ ಸೀಮೆಯ ಒಂದು ಕಂಪನಿಯಲ್ಲಿ ಡ್ರೈವರ್ ಇಲ್ಲದೆ ಓಡುವ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾರೆ. ಎದುರಿಗೆ ನಾಯಿ ಬಂದರೆ ಕಾರು ತಾನೇ ನಿಲ್ಲಬೇಕು, ಗೆರೆ ದಾಟಿದರೆ ತಾನೇ ಒಳಗೆ ಬರಬೇಕು, ಕೂತವರು ತೂಕಡಿಸಿದರೆ ತಾನೇ ಎಬ್ಬಿಸಬೇಕು. ಒಟ್ಟಿನಲ್ಲಿ ಮನುಷ್ಯನ ಕೈ, ಕಾಲು, ಬುದ್ಧಿ ಯಾವುದಕ್ಕೂ ಕೆಲಸ ಉಳಿಯದ ಹಾಗೆ ನೋಡಿಕೊಳ್ಳುವುದು ಅವರ ನೌಕರಿ. ಸಂಜೆ ಮನೆಗೆ ಬಂದು ಸಾರು ಅನ್ನ ಉಂಡು ಗ್ಯಾರೇಜಿಗೆ ಹೋಗಿ ತಮ್ಮ ಕೈಯಾರೆ ಕಟ್ಟುತ್ತಿದ್ದರಲ್ಲ, ಆ ಕಾರಿಗೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಎಸಿ ಇಲ್ಲ, ರೇಡಿಯೊ ಇಲ್ಲ, ಕಿಟಕಿಗೆ ಗಾಜಿಲ್ಲ, ತಲೆಯ ಮೇಲೆ ಸೂರೂ ಇಲ್ಲ. ಇರುವುದು ಎಂಜಿನ್ ಒಂದೇ. ಐದು ಲೀಟರಿನ ವಿ8, 400ಕ್ಕೂ ಮೇಲ್ಪಟ್ಟ ಅಶ್ವಶಕ್ತಿ. ಮೈಸೂರಿನಲ್ಲಿ ನಮಗಿದ್ದ ಮಾರುತಿ 800ಕ್ಕೆ ಇದ್ದದ್ದು 40ಕ್ಕಿಂತ ಕಡಿಮೆ. ಅದರಲ್ಲೇ ನಾವು ಮನೆಮಂದಿಯೆಲ್ಲ ಕುಕ್ಕರು ಜಮಖಾನ ಸಮೇತ ಶಿರಾಡಿ ಘಾಟಿ ಇಳಿದು ಧರ್ಮಸ್ಥಳ ನೋಡಿ ಬಂದವರು. ಇಲ್ಲಿ ಅದರ ಹತ್ತರಷ್ಟು ಶಕ್ತಿ, ಸೀಟು ಮಾತ್ರ ಎರಡು.

ಟ್ರಾಯ್ ಊರಿನ ಅವರ ಮನೆಗೆ ಎರಡು ಕಾರು ನಿಲ್ಲಿಸುವಷ್ಟು ದೊಡ್ಡ ಗ್ಯಾರೇಜು. ದಿನಬಳಕೆಯ ಕಾರುಗಳೂ ಎರಡೇ. ಆದರೆ ಮಿಷಿಗನ್ನಿನ ಚಳಿಗಾಲದಲ್ಲಿ ಅವೆರಡೂ ಹೊರಗೆ ಹಿಮದಲ್ಲಿ ಹೂತುಕೊಂಡಿರುತ್ತಿದ್ದವು. ಒಳಗೆ ಬೆಚ್ಚಗೆ ಹೀಟರಿನ ಮುಂದೆ ಕೂತಿರುತ್ತಿದ್ದದ್ದು ಚಕ್ರವೂ ಇಲ್ಲದ ಒಂದು ಕಬ್ಬಿಣದ ಅಸ್ಥಿಪಂಜರ. ಬೆಳಿಗ್ಗೆ ಸಲಿಕೆ ಹಿಡಿದು ತನ್ನ ಕಾರಿನ ಮೇಲಿನ ಹಿಮ ಗೋರುತ್ತಾ ಮಗಳು ಹೇಳಿದ್ದು ನೆನಪಿದೆ: “ಅಮ್ಮ, ಇವರಿಗೆ ಕುಡಿತ ಇಲ್ಲ, ಇಸ್ಪೀಟಿಲ್ಲ ಅಂತ ನೀನು ಎಷ್ಟು ಖುಷಿ ಪಟ್ಟಿದ್ದೆ. ಅವೆರಡೂ ಸೇರಿದರೂ ಇದಕ್ಕಿಂತ ಅಗ್ಗ ಆಗ್ತಿತ್ತು.”

ಕಾರಿನ ಹೆಸರು ಕೋಬ್ರಾ. ಮೂತಿಯ ಮೇಲೆ ಹೆಡೆಯೆತ್ತಿದ ಹಾವಿನ ಬಿಲ್ಲೆ. ಇದರ ಅಸಲು ಕಾರನ್ನು ಹುಟ್ಟಿಸಿದವನು ಟೆಕ್ಸಾಸಿನ ಕ್ಯಾರಲ್ ಶೆಲ್ಬಿ. ಅವನ ಕಥೆಯನ್ನು ಅಳಿಯಂದಿರು ಊಟದ ಮೇಜಿನಲ್ಲಿ ಹರಿಕಥೆಯ ಹಾಗೆ ಹೇಳುತ್ತಾರೆ, ಕೇಳಲು ಯಾರಾದರೂ ಸಿಕ್ಕಿದರೆ ಸಾಕು. ಈ ಮಹರಾಯ ಮೊದಲು ಕೋಳಿ ಸಾಕುತ್ತಿದ್ದನಂತೆ. ಮೊದಲನೆಯ ಕಂತಿನ ಕೋಳಿಗಳಲ್ಲಿ ಒಳ್ಳೆಯ ಲಾಭ. ಎರಡನೆಯ ಕಂತು ರೋಗ ಬಡಿದು ಸತ್ತು ದಿವಾಳಿ. ಆಮೇಲೆ ಹಿಡಿದದ್ದು ರೇಸು. ಒಂದು ಸಲ ಫಾರಮ್ಮಿನಿಂದ ನೇರ ಬಂದವನು ಬಟ್ಟೆ ಬದಲಿಸಲು ಪುರಸೊತ್ತಿಲ್ಲದೆ ರೈತರ ಪಟ್ಟೆಪಟ್ಟೆ ದಿರಿಸಿನಲ್ಲೇ ರೇಸಿಗಿಳಿದ. ಜನಕ್ಕೆ ಅದೇ ಹಿಡಿಸಿತು, ಅವನು ಅದನ್ನೇ ವೇಷ ಮಾಡಿಕೊಂಡ. 1959ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ನಡೆಯುವ 24 ಗಂಟೆಗಳ ರೇಸನ್ನು ಜೊತೆಗಾರನೊಬ್ಬನ ಸಂಗಡ ಗೆದ್ದ. ಅಷ್ಟರಲ್ಲಿ ಹೃದಯ ಕೈಕೊಡುತ್ತಿತ್ತು. ಕೊನೆಯ ರೇಸುಗಳನ್ನು ನಾಲಿಗೆಯ ಕೆಳಗೆ ಮಾತ್ರೆ ಇಟ್ಟುಕೊಂಡೇ ಓಡಿಸಿದ. ನಮ್ಮ ಯಜಮಾನರೂ ಜೇಬಿನಲ್ಲಿ ಅಂಥದೇ ಮಾತ್ರೆ ಇಟ್ಟುಕೊಂಡಿರುವವರಾದ್ದರಿಂದ, ಕೋಳಿ ಸಾಕಿದವನ ಕಾರಾ ಎಂದು ಅದುವರೆಗೆ ಮೂಗು ಮುರಿಯುತ್ತಿದ್ದವರು ಕಥೆ ಇಲ್ಲಿಗೆ ಬಂದಕೂಡಲೇ ಬೆನ್ನು ನೆಟ್ಟಗೆ ಮಾಡಿ ಕೂತರು.

ರೇಸು ಬಿಟ್ಟ ಶೆಲ್ಬಿ, ಇಂಗ್ಲೆಂಡಿನ ಎಸಿ ಎಂಬ ಕಂಪನಿಯ ಪುಟ್ಟ ಹಗುರ ಕಾರಿನೊಳಗೆ ಅಮೆರಿಕದ ಫೋರ್ಡಿನ ವಿ8 ಎಂಜಿನ್ ತುರುಕಿದ. ಅದು 1962. ಕೈಯಲ್ಲಿದ್ದದ್ದು ಒಂದೇ ಕಾರು. ಅದನ್ನೇ ಪತ್ರಿಕೆಯವರಿಗೆ ಒಬ್ಬರಾದ ಮೇಲೊಬ್ಬರಿಗೆ ಓಡಿಸಲು ಕೊಡುತ್ತಾ, ಪ್ರತಿಸಲವೂ ಬೇರೆ ಬಣ್ಣ ಬಳಿದು ಕಳಿಸುತ್ತಿದ್ದ. ಓದುಗರಿಗೆ ಕಾರ್ಖಾನೆಯಿಂದ ಕಾರುಗಳು ದಂಡಿಯಾಗಿ ಇಳಿಯುತ್ತಿವೆ ಅನ್ನಿಸಬೇಕಲ್ಲ. ಬಾಡಿಗೆ ಒಡವೆಯಲ್ಲಿ ಮದುವೆ ನಿಭಾಯಿಸುವ ಜನ ನಾವು. ನಮಗೆ ಈ ಉಪಾಯವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆ ಒಂದೇ ಕಾರು 2016ರ ಹರಾಜಿನಲ್ಲಿ 1 ಕೋಟಿ 37 ಲಕ್ಷ 50 ಸಾವಿರ ಡಾಲರಿಗೆ ಹೋಯಿತು. ರೂಪಾಯಿಗೆ ತಿರುಗಿಸಿ ನೋಡಬೇಡಿ, ನಾಲಿಗೆಯ ಕೆಳಗಿನ ಮಾತ್ರೆ ಬೇಕಾಗುತ್ತದೆ. ಅಸಲು ಕೈಗೆಟುಕದ್ದರಿಂದ ಅದೇ ರೂಪದ ಕಾರನ್ನು ಬಿಡಿಬಿಡಿಯಾಗಿ ಮಾರುವ ಕಂಪನಿಗಳು ಅಮೆರಿಕದಲ್ಲಿ ಹುಟ್ಟಿಕೊಂಡಿವೆ. ದುಡ್ಡು ಕೊಟ್ಟರೆ ಮನೆ ಬಾಗಿಲಿಗೆ ಲಾರಿ ಬಂದು ಚಾಸಿ, ಫೈಬರ್‌ಗ್ಲಾಸ್ ಬಾಡಿ ಮತ್ತು ರಟ್ಟಿನ ಡಬ್ಬಗಳ ಗುಡ್ಡೆಯೊಂದನ್ನು ಇಳಿಸಿ ಹೋಗುತ್ತದೆ. ಎಂಜಿನ್ ಬೇರೆ ತರಿಸಬೇಕು. ಟೈರು ಬೇರೆ. ಬಣ್ಣ ಬೇರೆ. ತಾಳ್ಮೆಯನ್ನು ಯಾರೂ ಮಾರುವುದಿಲ್ಲ.

ಡಬ್ಬ ಬಂದ ದಿನ ಮೊದಲ ಕೆಲಸ, ಪಟ್ಟಿ ಹಿಡಿದು ಒಂದೊಂದು ಬೋಲ್ಟನ್ನೂ ಎಣಿಸಿ ಗುರುತು ಹಾಕುವುದು. ಆಗ ಮನೆಯವರಿಗೆ ನನ್ನ ಬೆಲೆ ಗೊತ್ತಾಯಿತು. ಆಯುಸ್ಸೆಲ್ಲ ಬ್ಯಾಂಕಿನ ಲೆಡ್ಜರಿನಲ್ಲಿ ಕಳೆದವಳು ನಾನು. ಒಂದು ವಾಷರು ಕಡಿಮೆ ಬಂದರೂ ಬಿಡುವವಳಲ್ಲ. ಕಡಿಮೆ ಬಂದದ್ದು ವಾಷರು ಮಾತ್ರವಲ್ಲ ಅನ್ನಿ. ಹಲವು ಸಾಮಾನಿನ ಎದುರು ‘ಹಿಂದಿನಿಂದ ಬರುತ್ತದೆ’ ಅಂತ ಬರೆದಿತ್ತು. ಸ್ಟೀರಿಂಗಿನ ಒಂದು ತುಂಡು ಎಷ್ಟು ಹಿಂದಿನಿಂದ ಬಂತೆಂದರೆ, ಅದು ಬರುವ ಹೊತ್ತಿಗೆ ನಾವು ಮೈಸೂರಿಗೆ ಹೋಗಿ, ಹಪ್ಪಳ ಒಣಗಿಸಿಕೊಂಡು ಮತ್ತೆ ಬಂದಿದ್ದೆವು.

ಇಂಥ ಕಾರಿನ ಒಳಮೈಯೆಲ್ಲ ಅಲ್ಯೂಮಿನಿಯಮ್ ತಗಡು. ತಗಡನ್ನು ಚಾಸಿಯ ಕೊಳವೆಗೆ ಒತ್ತಿ ಹಿಡಿದು ಅಂಚು ಗುರುತು ಮಾಡಬೇಕು, ಬಿಚ್ಚಬೇಕು, ಸಾಲಾಗಿ ತೂತು ಕೊರೆಯಬೇಕು, ಮತ್ತೆ ಕೂರಿಸಿ ತಾತ್ಕಾಲಿಕವಾಗಿ ಸ್ಪ್ರಿಂಗ್ ಕ್ಲಿಪ್ಪು ಚುಚ್ಚಬೇಕು, ಮತ್ತೆ ಬಿಚ್ಚಿ ಸಿಲಿಕಾನ್ ಅಂಟು ಹಚ್ಚಿ, ಕಡೆಗೆ ರಿವೆಟ್ ಹೊಡೆಯಬೇಕು. ನೂರಾರು ರಿವೆಟ್. ಅಳಿಯಂದಿರ ಸಾಲು ನಂಜನಗೂಡಿನ ಕಡೆ ಹೊರಟು ಇನ್ನೆಲ್ಲಿಗೋ ತಲುಪುತ್ತಿತ್ತು. ನಾನು ಬ್ಲೌಸ್ ಕತ್ತರಿಸಿ ಹೊಲಿದು ಅಭ್ಯಾಸವಿದ್ದವಳು. ಕೊಡಿ ಇಲ್ಲಿ ಎಂದು ರಿವೆಟ್ ಗನ್ ಇಸಿದುಕೊಂಡು, ಸ್ಕೇಲಿಟ್ಟು ಗುರುತು ಹಾಕಿ ಹೊಡೆದೆ. ಒಂದೂ ಸೊಟ್ಟ ಹೋಗಲಿಲ್ಲ. ಅಂದಿನಿಂದ ನನಗೆ ‘ರೋಸಿ ಅತ್ತೆ’ ಎಂಬ ಬಿರುದು. ಎರಡನೆಯ ಮಹಾಯುದ್ಧದಲ್ಲಿ ಇದೇ ಮಿಷಿಗನ್ನಿನ ವಿಲ್ಲೋ ರನ್ ಕಾರ್ಖಾನೆಯಲ್ಲಿ ಹೆಂಗಸರು ಬಿ-24 ಬಾಂಬರ್ ವಿಮಾನಗಳಿಗೆ ರಿವೆಟ್ ಹೊಡೆಯುತ್ತಿದ್ದರಲ್ಲ, ಆ ಕಾಲದಲ್ಲಿ ದೇಶಕ್ಕೆಲ್ಲ ಪರಿಚಿತವಾದ ಹೆಸರು ‘ರಿವೆಟ್ ಹೊಡೆಯುವ ರೋಸಿ’. ವಿಸಿಟರ್ ವೀಸಾದಲ್ಲಿ ಬಂದು ಕೆಲಸ ಮಾಡಬಹುದೇ ಎಂಬ ಪ್ರಶ್ನೆ ಎದ್ದಿತು. ಸಂಬಳ ಕೊಡದಿದ್ದರೆ ಅದು ಕೆಲಸವೇ ಅಲ್ಲ, ಅಡುಗೆಮನೆಯೇ ಸಾಕ್ಷಿ ಎಂದು ಮಗಳು ತೀರ್ಪು ಕೊಟ್ಟಳು.

ಯಜಮಾನರ ಪಾಲಿಗೆ ಬಂದದ್ದು ಟಾರ್ಚ್ ಹಿಡಿಯುವ ಕೆಲಸ. ಗ್ಯಾರೇಜಿನಲ್ಲಿ ಆಪರೇಷನ್ ಥಿಯೇಟರಿನಷ್ಟು ಬೆಳಕಿತ್ತು, ಆದರೂ ಹಿಡಿದರು. ಗಂಡಸರು ನಾಲ್ಕು ಜನ ಒಂದು ಎಂಜಿನ್ ಸುತ್ತ ನಿಂತರೆ ಅದರಲ್ಲಿ ಒಬ್ಬರು ಟಾರ್ಚ್ ಹಿಡಿಯಲೇಬೇಕು ಅಂತ ಎಲ್ಲೋ ಕಾನೂನು ಇರಬೇಕು.

ಎಲ್ಲಕ್ಕಿಂತ ನನಗೆ ಸಂತೋಷ ಕೊಟ್ಟದ್ದು ಬ್ರೇಕಿನ ಗಾಳಿ ತೆಗೆಯುವ ಕೆಲಸ. ಹೊಸ ಬ್ರೇಕ್ ಪೈಪುಗಳಲ್ಲಿ ಗಾಳಿಯ ಗುಳ್ಳೆ ಉಳಿದಿದ್ದರೆ ಪೆಡಲ್ ಸ್ಪಂಜಿನ ಹಾಗೆ ಕುಸಿಯುತ್ತದೆ, ಕಾರು ನಿಲ್ಲುವುದಿಲ್ಲ. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿ ಮಲಗಿ ತಿರುಪು ಸಡಿಲಿಸಿ ಗುಳ್ಳೆ ಬಿಟ್ಟು ಮತ್ತೆ ಬಿಗಿಮಾಡಬೇಕು. ಬಿಗಿಮಾಡುವ ಮುಂಚೆ ಮೇಲಿನವರು ಕಾಲು ತೆಗೆದರೆ ಹೊರಗಿನ ಗಾಳಿ ಮತ್ತೆ ಒಳಗೆ, ಪುನಃ ಮೊದಲಿನಿಂದ. ಅಳಿಯಂದಿರು ನೆಲದ ಮೇಲೆ ಅಂಗಾತ, ಅತ್ತೆ ಪೆಡಲಿನ ಮೇಲೆ. “ಒತ್ತಿ ಅತ್ತೆ… ಹಿಡಕೊಳ್ಳಿ… ಬಿಡಬೇಡಿ, ಬಿಡಬೇಡಿ… ಈಗ ಬಿಡಿ.” ಮದುವೆಯ ಮಾತುಕತೆಯ ಕಾಲದಿಂದ ನಮ್ಮಿಬ್ಬರ ನಡುವೆ ಬಾಕಿಯಿದ್ದ ಬಿಗುಮಾನದ ಗುಳ್ಳೆಗಳೂ ಅವತ್ತೇ ಹೋದವು ಅಂತ ಕಾಣುತ್ತದೆ. ಮಾರನೆಯ ದಿನದಿಂದ ಅವರು ಕಾಫಿಗೆ ಸಕ್ಕರೆ ಸಾಲದು ಎಂದು ನನ್ನೆದುರೇ ಹೇಳಲು ಶುರು ಮಾಡಿದರು.

ಎಂಜಿನ್, ಚಕ್ರ, ಬ್ರೇಕು ಕೂತಮೇಲೆ, ಬಾಡಿ ಹಾಕುವ ಮುಂಚೆ, ಬರೀ ಚಾಸಿಯನ್ನೇ ಓಡಿಸಿ ನೋಡುವ ಸಂಪ್ರದಾಯವಿದೆ. ಮನೆಯಲ್ಲೇ ಕಾರು ಕಟ್ಟುವ ಈ ಪಂಥದವರೆಲ್ಲ ಮಾಡುತ್ತಾರಂತೆ. ಸೀಟು, ಸ್ಟೀರಿಂಗು, ಎದುರಿಗೆ ಬೆತ್ತಲೆ ಎಂಜಿನ್, ಬಾನೆಟ್ಟಿಲ್ಲ, ಬಾಗಿಲಿಲ್ಲ. ಕೀಲಿ ತಿರುಗಿಸಿದಾಗ ಎದ್ದ ಸದ್ದಿಗೆ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಅಲುಗಿತು. ಎದುರುಮನೆಯ ಮುದುಕ ಚಪ್ಪಲಿಯಲ್ಲೇ ಓಡಿಬಂದ. ಜಗಳಕ್ಕೆ ಬಂದ ಅಂದುಕೊಂಡೆವು. ಅವನು ಆ ಸದ್ದಿಗೆ ಕಣ್ಣು ಮುಚ್ಚಿ ತಲೆದೂಗಿದ, ಮುಂದಿನ ಸಾಲಿನಲ್ಲಿ ಕೂತ ಸಂಗೀತ ರಸಿಕರು ಆಲಾಪನೆಗೆ ತೂಗುವ ಹಾಗೆ. ಕಾರು ಕಾರ್ಖಾನೆಯಲ್ಲಿ ಜೀವ ತೇದವನಂತೆ. ಆಮೇಲೆ ಅವನೂ ದಿನಾ ಬರತೊಡಗಿದ. ಅವನಿಗೂ ಒಂದು ಟಾರ್ಚ್ ಕೊಟ್ಟೆವು.

ಮನೆಯಲ್ಲಿ ಕಟ್ಟಿದ ಕಾರಿಗೆ ನಂಬರ್ ಸಿಗುವುದೇ ಎಂದು ನನಗೆ ಅನುಮಾನವಿತ್ತು. ನಮ್ಮಲ್ಲಾದರೆ ಕಂಪನಿ ಕೊಟ್ಟ ರೂಪವನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಈಗ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಅಥವಾ ಜೈಲು, ಇಲ್ಲವೇ ಎರಡೂ. ಮಾರ್ಪಾಡೇ ಮೈಯಾಗಿರುವ ಈ ಕಾರಿಗೆ ಆ ಲೆಕ್ಕ ಹಾಕಿದರೆ ಮೈಸೂರಿನ ಮನೆ ಮಾರಬೇಕು. ಮಿಷಿಗನ್ನಿನಲ್ಲಿ ‘ಜೋಡಿಸಿದ ವಾಹನ’ ಎಂದೇ ಬೇರೆ ಬಗೆಯಿದೆ. ಪೊಲೀಸ್ ಅಧಿಕಾರಿ ಬಂದು ನೋಡುತ್ತಾರೆ, ಸಾಮಾನು ಕದ್ದದ್ದಲ್ಲ ಎನ್ನಲು ಬಿಲ್ಲು ತೋರಿಸಬೇಕು. ನಾನು ದಿನಾಂಕದ ಪ್ರಕಾರ ದಾರ ಹಾಕಿ ಕಟ್ಟಿಟ್ಟಿದ್ದ ಫೈಲನ್ನು ಅವರ ಮುಂದಿಟ್ಟೆ. ಆತ ಕಾರಿಗಿಂತ ಹೆಚ್ಚು ಹೊತ್ತು ಫೈಲನ್ನೇ ನೋಡಿದರು. ಆ ಫೈಲನ್ನು ನೋಡಿದ ಇನ್ನೊಬ್ಬರು ನನ್ನ ಮಗಳು. ಒಟ್ಟು ಖರ್ಚು ಅವಳಿಗೆ ಗೊತ್ತಾದದ್ದು ಅಂದೇ. ಆ ವಾರದ ಮನೆಯ ಹವಾಮಾನವನ್ನು ಇಲ್ಲಿ ಬರೆಯುವುದಿಲ್ಲ.

ನೀಲಿ ಬಣ್ಣ, ನಡುವೆ ಎರಡು ಬಿಳಿ ಪಟ್ಟೆ ಹೊತ್ತು ಕಾರು ಸಿದ್ಧವಾಗುವ ಹೊತ್ತಿಗೆ ಶ್ರಾವಣ ಬಂತು, ನಾಗರ ಪಂಚಮಿ ಬಂತು. ಟ್ರಾಯ್‌ನಲ್ಲಿ ಹುತ್ತ ಎಲ್ಲಿ ಹುಡುಕುವುದು? ಮೂತಿಯ ಮೇಲೆ ಹೆಡೆಯೆತ್ತಿ ಕೂತಿರುವ ನಾಗಪ್ಪ ಮನೆಯಲ್ಲೇ ಇದ್ದಾನಲ್ಲ. ಹಾಲಿನ ಗಿಂಡಿ ಹಿಡಿದು ತನಿ ಎರೆಯಲು ಹೋದೆ. ಅಳಿಯಂದಿರು “ಅತ್ತೆ, ಪೇಂಟು!” ಎಂದು ಎರಡೂ ಕೈ ಅಗಲಿಸಿ ಅಡ್ಡ ನಿಂತರು. ಕಡೆಗೆ ರಾಜಿಯಾಯಿತು. ಹತ್ತಿಯಲ್ಲಿ ಅದ್ದಿ ಬಿಲ್ಲೆಗೆ ಒಂದೇ ಹನಿ ಹಾಲು, ತಕ್ಷಣ ಅವರ ಮೆತ್ತನೆ ಬಟ್ಟೆಯಲ್ಲಿ ಒರೆಸು. ಚಿಗಳಿ, ತಂಬಿಟ್ಟು ನೈವೇದ್ಯ. ಆ ದಿನ ನೆಲ ಅಗೆಯಬಾರದು, ತರಕಾರಿ ಹೆಚ್ಚಬಾರದು, ಒಲೆಯ ಮೇಲೆ ಬಾಣಲೆ ಇಡಬಾರದು. ಸ್ಪ್ಯಾನರ್ ಮುಟ್ಟಬಾರದು ಎಂದು ನಾನೇ ಒಂದು ನಿಯಮ ಸೇರಿಸಿದೆ. ಮಗಳಿಗೆ ಗಂಡ ಇಡೀ ದಿನ ಮನೆಯೊಳಗೆ ಸಿಕ್ಕಿದ.

ಆಗಸ್ಟಿನ ಮೂರನೆಯ ಶನಿವಾರ ಡೆಟ್ರಾಯಿಟ್ ಸೀಮೆಯ ವುಡ್‌ವರ್ಡ್ ಅವೆನ್ಯೂದಲ್ಲಿ ‘ಡ್ರೀಮ್ ಕ್ರೂಸ್’, 1995ರಿಂದ ನಡೆದುಬಂದ ಕಾರಿನ ಜಾತ್ರೆ. ಲಕ್ಷಾಂತರ ಜನ ರಸ್ತೆಬದಿಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅಮೆರಿಕದ ಕಾಂಕ್ರೀಟ್ ಹೆದ್ದಾರಿಯ ಮೊದಲ ಮೈಲಿ ಹಾಕಿದ್ದು ಈ ರಸ್ತೆಯಲ್ಲೇ, 1909ರಲ್ಲಿ. ಇದೇ ರಸ್ತೆಯ ಬದಿಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಜೋಡಣೆ ಸಾಲು ಶುರುಮಾಡಿ, ಹನ್ನೆರಡು ತಾಸು ಹಿಡಿಯುತ್ತಿದ್ದ ಕಾರನ್ನು ಸುಮಾರು ಒಂದೂವರೆ ತಾಸಿಗೆ ಇಳಿಸಿದ. ಅಂಥ ರಸ್ತೆಗೆ ವರ್ಷಗಟ್ಟಲೆ ಕುಟ್ಟಿ ಕಟ್ಟಿದ ಕಾರನ್ನು ತೆಗೆದುಕೊಂಡು ಹೋಗುವುದಕ್ಕೂ ಧೈರ್ಯ ಬೇಕು. ಮಗಳು ಸೀಟನ್ನು ನನಗೆ ಬಿಟ್ಟುಕೊಟ್ಟಳು. ಅಷ್ಟೊಂದು ಅಶ್ವಶಕ್ತಿಯ ಮೇಲೆ ಕೂತು ನಾವು ಹೋದದ್ದು ಜಂಬೂಸವಾರಿಯ ಆನೆಯ ವೇಗದಲ್ಲಿ. ಹಿಂದೆ ಮುಂದೆ ಕಾರು, ಕಾಲಿಗೆ ಎಂಜಿನ್ನಿನ ಕಾವು, ನೆತ್ತಿಗೆ ಬಿಸಿಲು. ಅಳಿಯಂದಿರ ಮುಖದಲ್ಲಿ ಮಾತ್ರ ಪಟ್ಟಕ್ಕೆ ಕೂತ ಅರಸನ ಕಳೆ. ಯಾರೋ ಕೂಗಿ ಕೇಳಿದರು, ನೀವೇ ಕಟ್ಟಿದ್ದಾ ಎಂದು. ಅವರು ನನ್ನ ಕಡೆ ಕೈ ತೋರಿಸಿ “ರಿವೆಟ್ ಎಲ್ಲ ಅತ್ತೆಯದು” ಎಂದು ಕನ್ನಡದಲ್ಲೇ ಕೂಗಿದರು. ಕೇಳಿದವನಿಗೆ ಏನು ಅರ್ಥವಾಯಿತೋ, ಚಪ್ಪಾಳೆ ತಟ್ಟಿದ.

ಇಳಿಯುವಾಗ ಮಾತ್ರ ಎಚ್ಚರ. ಹೊಗೆಕೊಳವೆ ಈ ಕಾರಿಗೆ ಬಾಗಿಲಿನ ಕೆಳಗೇ ಹಾದುಹೋಗಿದೆ, ಕೆಂಡದಷ್ಟು ಬಿಸಿ. ಮೀನಖಂಡ ತಾಗಿದರೆ ಸುಟ್ಟ ಗಾಯ. ಈ ಪಂಥದವರು ಅದನ್ನು ಹಾವು ಕಚ್ಚಿತು ಎನ್ನುತ್ತಾರೆ. ಯಜಮಾನರಿಗೆ ಒಮ್ಮೆ ಕಚ್ಚಿದೆ. ನನಗೆ ಕಚ್ಚಿಲ್ಲ, ನಾನು ತನಿ ಎರೆದವಳು.

ಈಗ ಅಳಿಯಂದಿರು ಆ ಕಾರನ್ನು ಹೆಚ್ಚು ಓಡಿಸುತ್ತಿಲ್ಲ. ಎರಡು ಸಲ ಓಡಿಸಿದರೆ ಮೂರು ಸಲ ಬಿಚ್ಚುತ್ತಾರೆ. ಶೆಲ್ಬಿ 1964ರಲ್ಲಿ ರೇಸಿಗೆಂದು ಮಾಡಿಸಿದ ಡೇಟೋನಾ ಕೂಪೆಯ ಕಿಟ್ಟೂ ಸಿಗುತ್ತದಂತೆ, ಅದಕ್ಕೆ ಮೇಲೆ ಸೂರು ಇದೆಯಂತೆ. ಸೂರು ಇದ್ದರೆ ಸಂಸಾರಕ್ಕೂ ಅನುಕೂಲವಲ್ಲವೇ ಎಂದು ಮಗಳನ್ನು ಒಪ್ಪಿಸಲು ನೋಡುತ್ತಿದ್ದಾರೆ. ಅವಳು ಇನ್ನೂ ಹೂಂ ಅಂದಿಲ್ಲ. ನನ್ನ ವೀಸಾ ಮಾತ್ರ ಹತ್ತು ವರ್ಷದ್ದು.